ಪಟ್ಟದ ದಿನದ ಕ್ಷೌರ

ಬಿಳಿಗಲ್ಲದುರ್ಗದ ಜನ ಅಂದು ಹೊತ್ತು ಮೂಡುವ ಮೊದಲೇ ಬೀದಿಗಿಳಿದಿದ್ದರು. ಮೂಡಣ ಹೆಬ್ಬಾಗಿಲಿನಿಂದ ಅರಮನೆಯ ಅಂಗಳದವರೆಗೂ ರಾಜಬೀದಿಗೆ ನೀರು ಚಿಮುಕಿಸಿ, ಮನೆಮನೆಯ ಮುಂದೆ ರಂಗವಲ್ಲಿಯಿಕ್ಕಿ, ಕಂಬಕಂಬಕ್ಕೂ ಮಾವಿನ ತೋರಣ ಬಿಗಿದಿದ್ದರು. ಗಜಶಾಲೆಯ ಮುಂದೆ ಮಾವಟಿಗರು ಏಣಿಯೇರಿ ಪಟ್ಟದಾನೆಯ ಹಣೆಗೆ ಸಿಂಧೂರ ಬಳಿಯುತ್ತಿದ್ದರೆ, ಸೇವಂತಿಗೆಯ ಬುಟ್ಟಿ ಹೊತ್ತ ಹೂವಾಡಗಿತ್ತಿಯರು "ದಾರಿ ಬಿಡ್ರಪ್ಪಾ, ದೊರೆಯ ಹೂವು, ದಾರಿ ಬಿಡಿ!" ಎಂದು ಕೂಗುತ್ತ ಜನಜಂಗುಳಿಯಲ್ಲಿ ನುಗ್ಗುತ್ತಿದ್ದರು. ಹಿರಿಯರಸರು ಸ್ವರ್ಗಸ್ಥರಾಗಿ ವರ್ಷ ತುಂಬಿ, ಯುವರಾಜ ಬೊಪ್ಪದೇವನಿಗೆ ಪಟ್ಟ ಕಟ್ಟುವ ಶುಭದಿನವದು. ಇಷ್ಟೆಲ್ಲ ಸಡಗರದ ನಡುವೆ, ಕ್ಷೌರದ ಸಾಮಾನಿನ ಹಡಪವನ್ನು ಕಂಕುಳಲ್ಲಿ ಅವುಚಿಕೊಂಡು ಅರಮನೆಯ ಮೆಟ್ಟಿಲೇರುತ್ತಿದ್ದ ಒಬ್ಬ ಮುದುಕನ ಎದೆ ಮಾತ್ರ ಕುದಿಯುತ್ತಿತ್ತು. ಅವನು ಅರಸುಮನೆಯ ನಾವಿದ, ಸಾತಯ್ಯ.

ನಾವಿದನ ಎದೆ ಕುದಿದರೆ ರಾಜ್ಯಕ್ಕೇನಾಯಿತು ಎನ್ನಬೇಡಿ. ಆ ರಾಜವಂಶದ ಮೂಲಪುರುಷನು, ಯಾವ ದೇವರಿಗೆ ಯಾವ ಗಳಿಗೆಯಲ್ಲಿ ಮಾತು ಕೊಟ್ಟನೋ, ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದನು. ಪಟ್ಟವೇರುವವನು ವರ್ಷದ ಸೂತಕದ ಗಡ್ಡವನ್ನು ಅಂದೇ ಬೆಳಗ್ಗೆ ತೆಗೆದು, ಗೀರೊಂದಿಲ್ಲದ ಮುಖವನ್ನು ಕುಲದೇವತೆಗೆ ತೋರಿಸಬೇಕು. ಕ್ಷೌರದ ಕೋಣೆಯೊಳಗೆ ಯುವರಾಜ ಮತ್ತು ನಾವಿದ ಇಬ್ಬರೇ. ಬಾಗಿಲಿಗೆ ಒಳಗಿನಿಂದ ಅಗುಳಿ. ಮುಖ ಒರೆಸಿದ ಬಿಳಿಯ ವಸ್ತ್ರವನ್ನು ಬಾಗಿಲ ಸಂದಿಯಿಂದ ಹೊರಗೆ ಕಾದಿರುವ ಹಿರಿಯರಿಗೆ ಒಪ್ಪಿಸಬೇಕು. ಅದರ ಮೇಲೆ ಅವನ ಒಂದು ಹನಿ ರಕ್ತ ಕಂಡಿತೋ, ಅವನಿಗೆ ಪಟ್ಟವಿಲ್ಲ; ಸಿಂಹಾಸನ ಮುಂದಿನ ದಾಯಾದಿಗೆ. ಎಂಥ ಕಟ್ಟಳೆ ನೋಡಿ! ಶತ್ರುವಿನ ಸೈನ್ಯಕ್ಕೆ ಜಗ್ಗದ ರಾಜ್ಯವೊಂದು ನಾವಿದನ ಕೈಬೆರಳಿಗೆ ಜೋತುಬಿದ್ದಿತ್ತು.

ಆ ದಾಯಾದಿ ಬೇರೆ ಯಾರೂ ಅಲ್ಲ, ಯುವರಾಜನ ಸ್ವಂತ ಚಿಕ್ಕಪ್ಪ ಚಟ್ಟರಸ. ತನಗೆ ಪಟ್ಟವಾದರೆ ಗಡಿಯ ಮೂರು ನಾಡುಗಳನ್ನು ಪಡುವಣ ಶತ್ರುವಿಗೆ ಬಿಟ್ಟುಕೊಡುವುದಾಗಿ ಗುಟ್ಟಿನಲ್ಲಿ ಮಾತು ಕೊಟ್ಟಿದ್ದ ಮಹಾನುಭಾವನೀತ. ಸಾತಯ್ಯನ ಹೆಂಡತಿ ಬಾಚವ್ವೆ ದುರ್ಗದ ಸೂಲಗಿತ್ತಿ. ಹಿಂದಿನ ದಿನ ಮಧ್ಯಾಹ್ನ "ಚಟ್ಟರಸರ ಸೊಸೆಗೆ ನೋವು ಕಾಣಿಸಿಕೊಂಡಿದೆ, ಬೇಗ ಬಾ" ಎಂದು ಚಟ್ಟರಸನ ಆಳು ಬಂದು ಕರೆದಾಗ, ಆಕೆ ಉಣ್ಣುತ್ತಿದ್ದ ತಣಿಗೆಯನ್ನು ಪಕ್ಕಕ್ಕೆ ಸರಿಸಿ, ಎಣ್ಣೆಯ ಕುಡಿಕೆ ಹಿಡಿದು ಓಡಿದ್ದಳು. ಅಲ್ಲಿ ಹೆರುವವರು ಯಾರೂ ಇರಲಿಲ್ಲ. ಸಂಜೆಯ ಹೊತ್ತಿಗೆ ಸಾತಯ್ಯನಿಗೂ ಕರೆ ಬಂತು.

"ಗಾಬರಿಯಾಗಬೇಡ, ಸಾತಯ್ಯ" ಎಂದನು ಚಟ್ಟರಸ, ವೀಳ್ಯ ಮಡಿಸುತ್ತ. "ಕೊಲ್ಲು ಎನ್ನುತ್ತಿಲ್ಲ. ನಮ್ಮ ಅಣ್ಣನ ಮಗನಲ್ಲವೇ! ಎಡಗೆನ್ನೆಯಲ್ಲಿ, ಕಿವಿಯ ಕೆಳಗೆ, ಒಂದೇ ಒಂದು ಗೀರು. ವಯಸ್ಸಾಯಿತು, ಕೈ ತಪ್ಪಿತು ಎಂದರೆ ಮುಗಿಯಿತು. ರಕ್ತದ ವಸ್ತ್ರ ಹೊರಬಂದ ಮರುಗಳಿಗೆಯೇ ನಿನ್ನ ಹೆಂಡತಿ ನಮ್ಮ ಹೊಸ್ತಿಲು ದಾಟುತ್ತಾಳೆ. ಕ್ಷೌರದ ಕೋಣೆಯ ಗವಾಕ್ಷಿಯಿಂದ ನೀನೇ ನೋಡಬಹುದು. ವಸ್ತ್ರ ಬಿಳಿಯಾಗಿಯೇ ಬಂದರೆ, ಅವಳ ಹೆಣವನ್ನೂ ನೀನು ನೋಡಲಾರೆ."

"ಮಹಾಸ್ವಾಮಿ, ಏಳು ತಲೆಮಾರಿನಿಂದ ಈ ಮನೆತನದ ಉಪ್ಪು ತಿಂದವರು ನಾವು."

"ನಾನೂ ಅದೇ ಮನೆತನದವನಪ್ಪ. ಹೋಗಿ ಬಾ."

ಹೀಗಾಗಿ, ಒಂದು ತುತ್ತು ಉಣ್ಣದೆ, ಕಣ್ಣು ಮುಚ್ಚದೆ ಬೆಳಗು ಮಾಡಿದ ಸಾತಯ್ಯ ಕ್ಷೌರದ ಕೋಣೆ ಹೊಕ್ಕು ಅಗುಳಿ ಹಾಕಿದಾಗ, ಬೊಪ್ಪದೇವ ಆಗಲೇ ಮಣೆಯ ಮೇಲೆ ಕುಳಿತಿದ್ದನು. ಇಪ್ಪತ್ತೆರಡರ ಪ್ರಾಯದ ಆ ಮುಖವನ್ನು ವರ್ಷದ ಗಡ್ಡ ಪೂರ್ತಿ ನುಂಗಿತ್ತು.

"ಬಾ ಸಾತಯ್ಯ, ಈ ಕಾಡನ್ನು ಬೇಗ ಕಡಿ. ಬೆಳಗ್ಗೆ ಕನ್ನಡಿಯಲ್ಲಿ ನನ್ನನ್ನೇ ನೋಡಿ ಯಾರೋ ಜೋಗಿ ಬಂದಿದ್ದಾನೆಂದು ಕೈಮುಗಿದುಬಿಟ್ಟೆ!"

ಸಾತಯ್ಯ ನಗಲಿಲ್ಲ. ಕತ್ತರಿಯಿಂದ ಗಡ್ಡವನ್ನು ಗಿಡ್ಡಮಾಡಿದನು. ಕೆಂಡದ ಮೇಲಿನ ತಪ್ಪಲೆಯ ಬಿಸಿನೀರಿನಲ್ಲಿ ಅರಿವೆ ಅದ್ದಿ ಮುಖಕ್ಕೆ ಹೊದಿಸಿದನು. ಆಮೇಲೆ ಕತ್ತಿಯನ್ನು ತೊಗಲಿನ ಪಟ್ಟಿಗೆ ಎಳೆದು, ಯುವರಾಜನ ಕೆನ್ನೆಯ ಬಳಿಗೆ ತಂದನು. ಕೈ ನಿಲ್ಲಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ತಂದನು. ಕತ್ತಿಯ ಅಲಗು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ಏನಾಯಿತು ನಿನ್ನ ಕೈಗೆ?" ಎಂದನು ಯುವರಾಜ. "ಜ್ವರವೇ?"

ಅಷ್ಟು ಕೇಳಿದ್ದೇ ಸಾಕಾಯಿತು. ಮುದುಕ ಕತ್ತಿಯನ್ನು ನೆಲಕ್ಕಿಟ್ಟು, ಯುವರಾಜನ ಪಾದಗಳ ಮೇಲೆ ಬಿದ್ದು, ಎಲ್ಲವನ್ನೂ ಹೇಳಿಬಿಟ್ಟನು. ಬೊಪ್ಪದೇವ ಕೇಳುತ್ತ ಕೇಳುತ್ತ ಕೆರಳಿ ಎದ್ದು ಬಾಗಿಲ ಕಡೆಗೆ ಹಾರಿದನು.

"ಬೇಡಿ ಬುದ್ಧಿ, ನಿಮ್ಮ ದಮ್ಮಯ್ಯ!" ಸಾತಯ್ಯ ಅವನ ಕಾಲುಗಳನ್ನು ಅಪ್ಪಿಕೊಂಡನು. "ಹೊರಗೆ ನಿಂತಿರುವ ಕಾವಲಿನವರೆಲ್ಲ ಅವರ ಕಡೆಯವರು. ನೀವು ಬಾಯಿ ತೆರೆದರೆ ಅಲ್ಲಿ ಅವಳ ಕುತ್ತಿಗೆ ಹೋಗುತ್ತದೆ."

"ಹಾಗಾದರೆ ಏನು ಮಾಡಬೇಕೆನ್ನುತ್ತೀಯೆ?"

"ಗೊತ್ತಿಲ್ಲ ಬುದ್ಧಿ! ದಾರಿಯುದ್ದಕ್ಕೂ ಯೋಚಿಸಿದೆ, ಗೊತ್ತಾಗಲಿಲ್ಲ. ನಿಮ್ಮ ಮುಖಕ್ಕೆ ಗೀರು ಹಾಕಲಾರೆ. ಹಾಕದಿದ್ದರೆ ಅವಳು ಉಳಿಯುವುದಿಲ್ಲ. ಹಾಕಬಾರದೆಂದು ನಾನು ಗಟ್ಟಿಮನಸ್ಸು ಮಾಡಿದರೂ ಈ ಹಾಳು ಕೈ ತಾನಾಗಿ ಕೊಯ್ಯುತ್ತದೆ."

ಹೊರಗಿನಿಂದ ರಾಜಗುರು ತ್ರಿಲೋಚನ ಪಂಡಿತರ ದನಿ ಕೇಳಿಸಿತು: "ಮುಹೂರ್ತಕ್ಕೆ ಇನ್ನು ಎರಡೇ ಗಳಿಗೆ!"

ಯುವರಾಜ ಅತ್ತಿತ್ತ ಎರಡು ಸುತ್ತು ಹಾಕಿ, ಮತ್ತೆ ಬಂದು ಮಣೆಯ ಮೇಲೆ ಕುಳಿತನು. "ಮೊದಲು ಈ ಗಡ್ಡ ಹೋಗಲಿ. ಗಡ್ಡ ಹೊತ್ತುಕೊಂಡು ಹೊರಗೆ ಹೋದರೂ ಚಿಕ್ಕಪ್ಪನೇ ಗೆದ್ದ ಹಾಗೆ. ಕತ್ತಿ ಇಲ್ಲಿ ಕೊಡು, ನಾನೇ ಮಾಡಿಕೊಳ್ಳುತ್ತೇನೆ."

"ಅಯ್ಯೋ! ಜನ್ಮದಲ್ಲಿ ಕ್ಷೌರದ ಕತ್ತಿ ಮುಟ್ಟಿದವರಲ್ಲ ನೀವು!"

"ನಿನ್ನ ಕೈ ನಡುಗುತ್ತಿದೆ, ನಾಲಗೆ ನಡುಗುತ್ತಿಲ್ಲವಲ್ಲ. ಹೇಳಿಕೊಡು."

ಸಾತಯ್ಯ ಕಣ್ಣೊರೆಸಿಕೊಂಡು ಕಂಚಿನ ಕನ್ನಡಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದನು. ಆಗಷ್ಟೇ ಅದು ಅಲುಗದೆ ನಿಂತಿತು.

"ಅವಸರ ಬೇಡ ಬುದ್ಧಿ. ಬಿಸಿ ಅರಿವೆಯನ್ನು ಮತ್ತೊಮ್ಮೆ ಮುಖಕ್ಕೆ ಇಟ್ಟುಕೊಳ್ಳಿ, ನೂರೆಂಟು ಸಲ ಶಿವನ ಹೆಸರು ಹೇಳುವಷ್ಟು ಹೊತ್ತು. ಕೂದಲು ಗಡುಸಾಗಿದ್ದರೆ ಕತ್ತಿ ಜಗ್ಗುತ್ತದೆ, ಜಗ್ಗಿದರೆ ಕೊಯ್ಯುತ್ತದೆ. ನೆನೆದು ಮೆತ್ತಗಾಗಲಿ... ಸಾಕು. ಎರಡು ತೊಟ್ಟು ಎಣ್ಣೆ ತಿಕ್ಕಿ. ಅದರ ಮೇಲೆ ಈ ಅಂಟುವಾಳದ ನೊರೆ, ಬುಡಕ್ಕಿಳಿಯುವ ಹಾಗೆ. ಈಗ ಬೆರಳಾಡಿಸಿ ನೋಡಿ, ಕೂದಲು ಯಾವ ಕಡೆಗೆ ಮಲಗಿದೆ?"

"ಕೆನ್ನೆಯಲ್ಲಿ ಕೆಳಮುಖವಾಗಿ. ಕತ್ತಿನಲ್ಲಿ ಓರೆ."

"ಅದು ಮಲಗಿದ ಕಡೆಗೇ ಕತ್ತಿ ನಡೆಯಬೇಕು. ಎಡಗೈಯಿಂದ ಚರ್ಮ ಬಿಗಿಹಿಡಿಯಿರಿ. ಸಡಿಲ ಬಿಟ್ಟರೆ ಮಡಿಕೆಗೆ ಅಲಗು ಸಿಕ್ಕುತ್ತದೆ. ಕತ್ತಿಯನ್ನು ಪೂರ್ತಿ ಮಲಗಿಸಬೇಡಿ, ನಿಲ್ಲಿಸಲೂ ಬೇಡಿ, ತುಸು ಓರೆ. ಹಾ! ಒತ್ತಬೇಡಿ, ಒತ್ತಬೇಡಿ ಬುದ್ಧಿ! ಅದರ ಭಾರವೇ ಸಾಕು. ಬೆರಳಗಲದಷ್ಟು ಎಳೆಯಿರಿ, ನಿಲ್ಲಿಸಿ, ಅಲಗು ತೊಳೆಯಿರಿ. ಮತ್ತೆ ಬೆರಳಗಲ."

ಯುದ್ಧದಲ್ಲಿ ಎರಡಾಳುದ್ದದ ಈಟಿ ಬೀಸಿದ ಕೈ, ಅಂಗೈಯಷ್ಟಿದ್ದ ಆ ಕತ್ತಿಯನ್ನು ಹಿಡಿದು ಬೆವರಿತು. ಗಲ್ಲದ ಗುಣಿಯ ಹತ್ತಿರ ಬಂದಾಗ ಕತ್ತಿ ತಡವರಿಸಿತು. "ತುಟಿಯನ್ನು ಹಲ್ಲಿನ ಮೇಲೆ ಎಳೆದುಕೊಳ್ಳಿ, ಗಲ್ಲ ಬಿಗಿಯಾಗುತ್ತದೆ" ಎಂದನು ಸಾತಯ್ಯ. ಹೇಳುತ್ತಿದ್ದ ದನಿ ಶಾಂತವಾಗಿತ್ತು. ಕಣ್ಣು ಮಾತ್ರ ಗವಾಕ್ಷಿಯಾಚೆ, ಅಂಗಳದ ಎದುರು ಬದಿಯಲ್ಲಿ ಮುಚ್ಚಿದ್ದ ಚಟ್ಟರಸನ ಬಾಗಿಲಿಗೇ ನೆಟ್ಟಿತ್ತು. ಒಂದು ಸಲಕ್ಕೇ ನುಣುಪಾಗಲಿಲ್ಲವೆಂದು ಯುವರಾಜ ಒಣಮುಖದ ಮೇಲೆಯೇ ಕತ್ತಿಯಿಡಹೋದಾಗ ಮುದುಕ ಚೀರಿಯೇ ಬಿಟ್ಟನು: "ನೊರೆಯಿಲ್ಲದೆ ಬೇಡಿ! ಮತ್ತೆ ಹಚ್ಚಿ, ಈ ಸಲ ಅಡ್ಡಲಾಗಿ." ಹಾಗೆಯೇ ಆಯಿತು. ತಣ್ಣೀರಿನಿಂದ ತೊಳೆದು, ಒದ್ದೆ ಮುಖಕ್ಕೆ ಪಟಿಕದ ಕಲ್ಲು ಸವರಿ, ಬಿಳಿಯ ವಸ್ತ್ರದಿಂದ ಒತ್ತಿ ಒರೆಸಿಕೊಂಡ ಬೊಪ್ಪದೇವ ಕನ್ನಡಿ ನೋಡಿದನು. ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ. ವಸ್ತ್ರ ಹಾಲಿನಷ್ಟು ಬೆಳ್ಳಗಿತ್ತು.

ಬೊಪ್ಪದೇವ ಅದನ್ನು ತೊಡೆಯ ಮೇಲೆ ಹರಡಿಕೊಂಡು ಗವಾಕ್ಷಿಯ ಕಡೆ ನೋಡಿದನು.

"ಇದು ಹೊರಗೆ ಹೋದರೆ ಬಾಚವ್ವೆ ಸಾಯುತ್ತಾಳೆ" ಎಂದನು ಬೊಪ್ಪದೇವ. "ಅವ್ವ ಹೇಳುತ್ತಿದ್ದಳು, ಮೂರು ದಿನ ಹೆರಲಾರದೆ ಒದ್ದಾಡುವಾಗ ಅನ್ನ ನೀರು ಬಿಟ್ಟು ಪಕ್ಕದಲ್ಲಿ ಕುಳಿತವಳು, ನನ್ನನ್ನು ಎಳೆದು ಭೂಮಿಗೆ ತಂದವಳು ಬಾಚವ್ವೆ ಎಂದು. ಅವಳ ಹೆಣ ದಾಟಿಕೊಂಡು ಹೋಗಿ ಪಟ್ಟವೇರಲೇ ನಾನು? ಆ ಸಿಂಹಾಸನ ಮಣ್ಣುಪಾಲಾಗಲಿ!"

ಹಾಗೆಂದವನೇ ಕತ್ತಿಯನ್ನು ಎತ್ತಿ ತನ್ನ ಎಡಗೆನ್ನೆಗೆ ತಂದನು. ಸಾತಯ್ಯ ಹಾರಿಬಂದು ಅಲಗನ್ನು ಬರಿಗೈಯಲ್ಲಿ ಹಿಡಿದುಬಿಟ್ಟನು. ತಾನೇ ಮಸೆದ ಕತ್ತಿ, ತನ್ನ ಅಂಗೈಗೆ ಎಲುಬಿನವರೆಗೆ ಇಳಿಯಿತು. ರಕ್ತ ಯುವರಾಜನ ತೊಡೆಯ ಮೇಲಿದ್ದ ವಸ್ತ್ರದ ಮೇಲೆ ತೊಟತೊಟನೆ ಸುರಿಯಿತು.

ಇಬ್ಬರೂ ಆ ವಸ್ತ್ರವನ್ನೇ ನೋಡಿದರು.

"ಬುದ್ಧಿ" ಎಂದನು ಸಾತಯ್ಯ ಮೆಲ್ಲಗೆ. "ಅವರಿಗೆ ಬೇಕಾದದ್ದು ರಕ್ತ. ಯಾರದೆಂದು ವಸ್ತ್ರ ನೋಡಿದರೆ ತಿಳಿಯುವುದಿಲ್ಲ. ಅವಳು ಹೊರಬರುವವರೆಗೆ ನೀವು ಬಾಗಿಲು ತೆರೆಯಬೇಡಿ."

"ಪಟ್ಟದ ವಸ್ತ್ರವನ್ನು ಮೈಲಿಗೆ ಮಾಡಿದ ನಾವಿದನಿಗೆ ಏನು ಶಿಕ್ಷೆಯೆಂದು ಬಲ್ಲೆಯಾ?"

"ನನ್ನ ತಾತ ಮೊದಲು ಕಲಿಸಿದ್ದೇ ಅದನ್ನು. ಕೊಡಿ ಇಲ್ಲಿ."

ವಸ್ತ್ರ ಬಾಗಿಲ ಸಂದಿಯಿಂದ ಹೊರಗೆ ಹೋಯಿತು. ಕೂಡಲೇ ಹಾಹಾಕಾರ! ಎಲ್ಲರ ದನಿಯ ಮೇಲೆ ಚಟ್ಟರಸನ ಅಳುದನಿ: "ಅಯ್ಯೋ ದೈವವೇ! ಎಡಗೆನ್ನೆ ಕೊಯ್ದುಬಿಟ್ಟನಲ್ಲ ಪಾಪಿ ನಾವಿದ! ಕಿವಿಯ ಕೆಳಗಿನ ಆ ಗಾಯ ಹೊತ್ತು ನಮ್ಮ ಮಗು ಇನ್ನು ಹೇಗೆ ದೇವರ ಮುಂದೆ ನಿಂತೀತು!" ಅವನ ಆಳೊಬ್ಬ ಅಂಗಳ ದಾಟಿ ಓಡಿದ್ದು ಗವಾಕ್ಷಿಯಿಂದ ಕಂಡಿತು. ಬಾಗಿಲನ್ನು ಗುದ್ದುತ್ತಿದ್ದರು. ಬೊಪ್ಪದೇವ ಅಗುಳಿಗೆ ಬೆನ್ನುಕೊಟ್ಟು ನಿಂತನು. ಸಾತಯ್ಯ ಗವಾಕ್ಷಿಯ ಸರಳಿಗೆ ಹಣೆಯೊತ್ತಿ ನೋಡಿದನು, ನೋಡಿದನು. ಎದುರಿನ ಬಾಗಿಲು ತೆರೆಯಲಿಲ್ಲ. ಆಳು ಒಳಗೆ ಹೋಗಿ ಎಷ್ಟು ಹೊತ್ತಾಯಿತು! ಕೊಂದುಬಿಟ್ಟರೇ? ಕೊಟ್ಟ ಮಾತು ಉಳಿಸಿಕೊಳ್ಳಲು ಅವನೇನು ಸತ್ಯವಂತನೇ?

ಆಗ ಬಾಗಿಲು ತೆರೆಯಿತು. ಎಣ್ಣೆಯ ಕುಡಿಕೆ ಹಿಡಿದ ಹೆಂಗಸೊಬ್ಬಳು ಹೊರಬಂದು, ತಿರುಗಿ ನಿಂತು, ಕಾವಲಿನವನತ್ತ ಕೈನೀಡಿ ಬೈಯತೊಡಗಿದಳು.

"ಅವಳೇ ಬುದ್ಧಿ! ಬೈಯುತ್ತಿದ್ದಾಳೆ, ಬದುಕಿದ್ದಾಳೆ! ಹೋಗೇ, ಜನರೊಳಗೆ ಸೇರಿಕೊಳ್ಳೇ!" ಎಂದು ಸಾತಯ್ಯ ಅಳುತ್ತ ನಗುತ್ತ ಗೋಡೆಗೆ ಹೇಳಿದನು. ಅವಳು ಜನಜಂಗುಳಿಯಲ್ಲಿ ಕಾಣದಾದ ಮೇಲೆ ಬೊಪ್ಪದೇವ ಅಗುಳಿ ತೆಗೆದನು.

ರಾಜಗುರುಗಳು ದೀಪ ಹಿಡಿದು ಆ ಮುಖವನ್ನು ಬಲದಿಂದ ನೋಡಿದರು, ಎಡದಿಂದ ನೋಡಿದರು. ಆಮೇಲೆ ಚಟ್ಟರಸನ ಕಡೆಗೆ ತಿರುಗಿದರು. "ನಾವೆಲ್ಲರೂ ಕಂಡದ್ದು ವಸ್ತ್ರವೊಂದನ್ನೇ. ಗಾಯ ಎಡಗೆನ್ನೆಯಲ್ಲಿ, ಕಿವಿಯ ಕೆಳಗೆ ಎಂಬುದು ತಮಗೆ ಮಾತ್ರ ಹೇಗೆ ತಿಳಿಯಿತು, ಅರಸರೇ?"

ಚಟ್ಟರಸ ಕಾವಲಿನವರ ಕಡೆಗೆ ನೋಡಿದನು. ಬೊಪ್ಪದೇವನೇ ಎಲ್ಲವನ್ನೂ ಹೇಳಿದನು. ಸಾತಯ್ಯನ ಅಂಗೈ ಅದಕ್ಕೆ ಸಾಕ್ಷಿಯಾಯಿತು. ಗಾಳಿ ತಿರುಗಿದ್ದನ್ನು ಕಂಡ ಕಾವಲಿನವರು ತಾವೇ ಮುಂದಾಗಿ ಒಡೆಯನ ತೋಳು ಹಿಡಿದರು. ಆದರೂ ಹಿರಿಯರ ಮುಖದ ಕಳವಳ ಹೋಗಲಿಲ್ಲ. ರಕ್ತ ಯುವರಾಜನದಲ್ಲದಿದ್ದರೂ ಪಟ್ಟದ ವಸ್ತ್ರ ಮೈಲಿಗೆಯಾಗಿತ್ತು. ಮೈಲಿಗೆ ಮಾಡಿದ ನಾವಿದನ ಕತ್ತಿ ಮುರಿದು, ಅವನ ಮನೆತನದ ಉಂಬಳಿ ಕಸಿದು, ಅವನನ್ನು ದುರ್ಗದಿಂದ ಹೊರಹಾಕದ ಹೊರತು ಬೇರೆ ವಸ್ತ್ರ ಹಿಡಿಯುವಂತಿಲ್ಲ, ಪಟ್ಟ ಕಟ್ಟುವಂತಿಲ್ಲ.

"ಸಾಧ್ಯವಿಲ್ಲ!" ಎಂದು ಬೊಪ್ಪದೇವ ಗುಡುಗಿದನು. "ಈತನಿಂದ ಉಳಿದ ಪಟ್ಟವಿದು."

"ಉಳಿದದ್ದನ್ನು ಕಳೆಯಬೇಡಿ, ಬುದ್ಧಿ" ಎಂದು ಸಾತಯ್ಯ ಮೊಣಕಾಲೂರಿದನು. "ಮುಹೂರ್ತ ಮೀರುತ್ತಿದೆ. ನನಗಾಗಿ ಕಟ್ಟಳೆ ಮುರಿದರೆ, ನಿಮ್ಮ ಪಟ್ಟವೇ ಸುಳ್ಳೆಂದು ನಾಳೆ ಅವರ ಕಡೆಯವರು ದಂಡು ಕಟ್ಟುತ್ತಾರೆ. ಹೇಳಿಬಿಡಿ. ನಿಮ್ಮ ಬಾಯಿಂದ ಬಂದರೆ ನನಗೆ ನೋವಾಗುವುದಿಲ್ಲ."

ಬೊಪ್ಪದೇವ ಹೇಳಿದನು. ಹೇಳುವಾಗ ಅವನ ನುಣುಪಾದ ಕೆನ್ನೆಗಳ ಮೇಲೆ ನೀರು ಹರಿಯಿತು. ಏಳು ತಲೆಮಾರಿನ ಆ ಕತ್ತಿಯನ್ನು ಕಲ್ಲಿನ ಮೇಲಿಟ್ಟು ಮುರಿದರು.

ಪಟ್ಟದ ವಾದ್ಯಗಳು ಮೊಳಗುತ್ತಿದ್ದಾಗ, ಗಂಡಹೆಂಡಿರಿಬ್ಬರು ಒಂದು ಗಂಟು ಹೊತ್ತು ಪಡುವಣ ಬಾಗಿಲಿನಿಂದ ಹೊರಟಿದ್ದರು. ಬಾಚವ್ವೆ ತನ್ನ ಸೆರಗು ಹರಿದು ಗಂಡನ ಅಂಗೈಗೆ ಬಿಗಿದಿದ್ದಳು. ದಾರಿಯುದ್ದಕ್ಕೂ ಚಟ್ಟರಸನ ಏಳು ಪೀಳಿಗೆಗೂ ಶಾಪ ಹಾಕುತ್ತ ಬಂದವಳು, ಕೋಟೆ ಹಿಂದಾದ ಮೇಲೆ ಇದ್ದಕ್ಕಿದ್ದಂತೆ ನಿಂತಳು.

"ಅಲ್ಲಾ, ನಾಳೆ ಬೆಳಗ್ಗೆ ದೊರೆಗೆ ಕ್ಷೌರ ಮಾಡುವವರು ಯಾರು?"

"ಅವರೇ ಮಾಡಿಕೊಳ್ಳುತ್ತಾರೆ."

"ಕೊಯ್ದುಕೊಂಡರೆ?"

"ಕೊಯ್ದುಕೊಳ್ಳುವುದಿಲ್ಲ" ಎಂದನು ಸಾತಯ್ಯ. "ನಾನು ಕಲಿಸಿದ್ದೇನೆ."