ಹೊಳೆದಂಡೆ ಗಿರಣಿಯ ಹಿಂಬಾಗಿಲು

"ನನ್ನ ಗಂಡ ನಮ್ಮ ಅಬ್ಬಾನ್ನ ಕೊಂದಿಲ್ರಿ ಸಿಸ್ಟರ್," ಎಂದಳು ಮೆಹರಾಜ.

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಹನುಮೇಶನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಪಂಪಮ್ಮನವರ ಪಡಸಾಲೆಯಲ್ಲಿ, ಕೊಟ್ಟ ಚಹಾ ಮುಟ್ಟದೆ, ಹಲ್ಲು ಕಚ್ಚಿಕೊಂಡು ಕೂತಿದ್ದಳು.

"ಬುಧವಾರ ಅಬ್ಬಾ ಸತ್ರು. ಮರುದಿನಾನ ರಫೀನ್ನ ಎಳಕೊಂಡು ಹೋದ್ರು. ಅರೆಸ್ಟ್ ಅಂತನೂ ಬರದಿಲ್ಲ, ವಿಚಾರಣಿ ಅಂತಾರ. ಒಪ್ಕೊ, ಒಪ್ಕೊ ಅಂತ ಹೊಡಿಯಾಕತ್ಯಾರ. ಅವ ಎಷ್ಟಂತ ತಡಕೋತಾನ್ರಿ? ಒಂದ್ಸಲ ಹೂಂ ಅಂದ ಅಂದ್ರ ನಮ್ಮ ಬಾಳೇವು ಮುಗದಂಗ."

ಗಂಗಾವತಿಯಲ್ಲಿ ಪಂಪಮ್ಮ ಸಿಸ್ಟರ್ ಎಂದರೆ ಗೊತ್ತಿಲ್ಲದವರಿಲ್ಲ. ಸರಕಾರಿ ದವಾಖಾನೆಯ ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ, ಕಳುವಾದ ಎತ್ತಿನಿಂದ ಹಿಡಿದು ವಿಷದ ಸಾವಿನವರೆಗೆ ಪೊಲೀಸರು ಕೈಚೆಲ್ಲಿದ್ದನ್ನೆಲ್ಲ ಅವರ ಮುಂದೆ ತಂದಿಡುವುದು ಊರವರಿಗೆ ರೂಢಿಯಾಗಿಬಿಟ್ಟಿತ್ತು. ಹನುಮೇಶ ಪಕ್ಕದ ಫೋಟೋ ಸ್ಟುಡಿಯೋದವನು. ಅಂಗಡಿಯಲ್ಲಿ ಕೂರುವುದಕ್ಕಿಂತ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿರುಗಿದ್ದೇ ಹೆಚ್ಚು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಮನುಷ್ಯ. ಆ ದಿನವಂತೂ ಅದು ಅಲ್ಲಿಂದ ಇಳಿಯಲೇ ಇಲ್ಲ.

ಅವನ ಸಿಟ್ಟು ಹಳೆಯದು. ಹೊಳೆದಂಡೆಯ ಗಿರಣಿ ನಿಜಾಮನ ಕಾಲದ್ದು. ಎಣ್ಣೆ ಕಾರ್ಖಾನೆಯಾಗಿ ಶುರುವಾಗಿ, ಕಾಲುವೆ ಬಂದು ಸುತ್ತೆಲ್ಲ ಭತ್ತವಾದ ಮೇಲೆ ಅಕ್ಕಿ ಗಿರಣಿಯಾಗಿತ್ತು. ಕಲ್ಲಿನ ಗೋಡೆ, ಸಾಗವಾನಿ ತೊಲೆ, ಮುಗಿಲಿಗೆ ಚಾಚಿದ ಚಿಮಣಿ. ಗಿರಣಿ ನಿಂತ ಮೇಲೆ ಧಣಿಯ ಮಗ ರುದ್ರೇಶ ಅದನ್ನು ಐಷಾರಾಮಿ ಮನೆಗಳನ್ನಾಗಿ ಮಾಡಲು ಹೊರಟಿದ್ದ. 'ಹೊಳೆ ನೋಟದ ಲಾಫ್ಟ್' ಎಂದು ಹೈವೇ ತುಂಬ ಬೋರ್ಡು. ನಮ್ಮ ಕಡೆ ಅಟ್ಟದ ಮೇಲೆ ಉಳ್ಳಾಗಡ್ಡಿ ಇಡುತ್ತಾರೆ. ಅದೇ ಅಟ್ಟಕ್ಕೆ ಇಂಗ್ಲಿಷ್ ಹೆಸರಿಟ್ಟ ಕೂಡಲೇ ಕೋಟಿ ಬೆಲೆ ಹೇಗೆ ಬರುತ್ತದೆಂದು ಹನುಮೇಶ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಪ್ರತಿ ಬೋರ್ಡಿನಲ್ಲೂ ರುದ್ರೇಶನ ನಗುಮುಖ, ಕೆಳಗೆ ಅವನ ಮಾತು: 'ಈ ಗಿರಣಿಯ ಅಂಗಳದಲ್ಲಿ ಆಡಿ ಬೆಳೆದವನು ನಾನು.'

ಮೆಹರಾಜಳ ತಂದೆ ಉಮರಸಾಬ ಆ ಗಿರಣಿಯ ಬಾಯ್ಲರ್ ಮಿಸ್ತ್ರಿ. ಬಾಯ್ಲರ್ ಆರಿದರೂ ಪಕ್ಕದ ಕೋಣೆ ಬಿಟ್ಟಿರಲಿಲ್ಲ. ಸಾಯುವತನಕ ಇಲ್ಲೇ ಇರು ಎಂದು ದೊಡ್ಡ ಧಣಿ ಹೇಳಿ ಹೋಗಿದ್ದಾರೆ ಎಂಬುದೊಂದೇ ಅವನ ಮಾತು. ಭಾನುವಾರ ಮನೆ ಕೊಳ್ಳುವವರೆಲ್ಲ ನೋಡಲು ಬರುವವರಿದ್ದರು. ಬುಧವಾರ ಹೊತ್ತು ಮುಳುಗಿದಾಗ ಉಮರಸಾಬ ಬಾಯ್ಲರ್ ಮನೆಯಲ್ಲಿ ಹೆಣವಾಗಿ ಬಿದ್ದಿದ್ದ. ಹಿಂದಲೆ ಕಬ್ಬಿಣದ ಚಕ್ರದ ಅಂಚಿಗೆ ಬಡಿದಿತ್ತು.

ಮೆಹರಾಜ ಬಂದದ್ದು ಶುಕ್ರವಾರ; ಪಂಪಮ್ಮ ಅಂದೇ ಗಿರಣಿಗೆ ಹೋದರು. ಎಸ್.ಐ. ಸಿದ್ದಲಿಂಗೇಶ ಗೇಟಿನಲ್ಲೇ ಸಿಕ್ಕ. ಲೆಕ್ಕ ಮುಗಿಸಿದವನ ನೆಮ್ಮದಿ ಅವನ ಮುಖದಲ್ಲಿತ್ತು.

"ಜಾರಿ ಬಿದ್ದಾನ ಅನ್ಬಹುದಿತ್ರಿ ಸಿಸ್ಟರ್. ಆದ್ರ ಎರಡೂ ತೋಳಿನ ಮ್ಯಾಲ ಬೆರಳ ಗುರ್ತು ಮೂಡ್ಯಾವ. ಯಾರೋ ಹಿಡದು ನೂಕ್ಯಾರ. ಮೂರೂ ಕಡೆ ಏರಾಕ ಬರದಂಥಾ ಗೋಡಿ. ಗೇಟಿನಾಗ ಕಾವಲಿಗೆ ಅಳಿಯ ರಫೀ ಕುಂತಿದ್ದ. ಮಧ್ಯಾಹ್ನದಿಂದ ಒಂದು ನರಪಿಳ್ಳೆನೂ ಒಳಗ ಹೋಗಿಲ್ಲ ಅಂತ ಅವನ ಬಾಯಿಲೆ ಹೇಳ್ಯಾನ. ಅಂದಮ್ಯಾಗ ಮತ್ಯಾರ್ರಿ?"

"ಹಿಂಬಾಗ್ಲ?"

"ತೆರದ ಇತ್ರಿ. ಆದ್ರ ಹಿಂದ ಅಡ್ಡಕ್ಕ ಬೂದಿ ಬಿದ್ದೈತಿ. ಅದೇನ್ ಮನಷ್ಯಾರು ಬರೂ ದಾರಿ ಅಲ್ಲ. ಮ್ಯಾಲ ಅವತ್ತ ಮಾವ-ಅಳಿಯಗ ಜಗಳ ಆಗೇತಿ. ಮುದುಕನ ಕಡೆಯಿಂದ ಆ ಕೋಣಿ ಬಿಡಿಸಿದ್ರ ಇಲ್ಲೇ ಕಾಯಂ ಕೆಲಸ ಕೊಡ್ತೀನಿ ಅಂತ ರುದ್ರೇಶ ಸಾಹುಕಾರ್ರು ರಫೀಗೆ ಹೇಳಿದ್ರಂತ."

ಹನುಮೇಶನ ಮೈಯೆಲ್ಲ ಉರಿದುಹೋಯಿತು. ಯಾವನೋ ಗುರುತಿಲ್ಲದವನು ಬಂದಿದ್ದ ಎಂದು ಒಂದು ಸುಳ್ಳು ಹೇಳಿದ್ದರೆ ರಫೀ ಈಗ ಮನೆಯಲ್ಲಿರುತ್ತಿದ್ದ. ನಿಜ ಹೇಳಿದ್ದಕ್ಕೆ ಲಾಠಿ ತಿನ್ನುತ್ತಿದ್ದ.

ಒಳಗೆ ಮಾದರಿ ಮನೆಯೊಂದು ತಯಾರಾಗಿತ್ತು. ಬಿಳಿ ಸೋಫಾದ ಮೇಲೆ ರುದ್ರೇಶ ಎಡಗಾಲು ಚಾಚಿ ಕೂತಿದ್ದ. ಬೆರಳಿನಿಂದ ಹಿಮ್ಮಡಿಯ ಮೇಲಿನವರೆಗೂ ಸುತ್ತ ಬ್ಯಾಂಡೇಜು. ಪಂಪಮ್ಮನ ಕಣ್ಣು ಅತ್ತ ಹೋದದ್ದು ಕಂಡು ತಾನೇ ಹೇಳಿದ.

"ಬುಲೆಟ್ ಗಾಡಿ ಸೈಲೆನ್ಸರ್ ತಾಗ್ತರಿ ಸಿಸ್ಟರ್. ಉಮರಚಾಚಾ ಹೋದದ್ದು ನನಗ ಭಾಳ ಕೆಟ್ಟ ಅನಸೇತಿ. ಸಣ್ಣಾವಿದ್ದಾಗ ನಾ ಅವನ ಬೆನ್ನ ಹತ್ತೇ ತಿರಗಾಡಾಂವ. ಈ ಗಿರಣಿ ಒಳಗ ನನಗ ಗೊತ್ತಿಲ್ಲದ ಮೂಲಿ ಇಲ್ಲ."

ಆಚೆ ಗೋಡೆ ಉಜ್ಜುತ್ತಿದ್ದವರ ಕಡೆಯಿಂದ ಒಂದಿಷ್ಟು ಹಳೆಯ ಧೂಳು ತೇಲಿ ಬಂತು. ರುದ್ರೇಶ ಕೆಮ್ಮಿ, ಜೇಬಿನಿಂದ ಇನ್ಹೇಲರ್ ತೆಗೆದು ಎರಡು ಸಲ ಎಳೆದುಕೊಂಡ. ಪಂಪಮ್ಮ ಅವನ ಉಸಿರು ಹದಕ್ಕೆ ಬರುವತನಕ ನೋಡುತ್ತ ನಿಂತು, ಹೊರಗೆ ಹೊರಟರು.

ಮನೆಗಳ ನಕ್ಷೆ ಮಾಡಿದ್ದ ಅಮೃತಾ ಅವರನ್ನು ಗೇಟಿನಿಂದ ಸುತ್ತುಹಾದಿಯಲ್ಲಿ ಜೀಪಿನಲ್ಲಿ ಹೊಳೆಯ ದಂಡೆಗೆ ಕರೆದೊಯ್ದಳು. ಬೆಂಗಳೂರಿನ ಹುಡುಗಿ, ಈ ವಾರವಷ್ಟೇ ಬಂದಿದ್ದಳು. ತೆಳು ಪಟ್ಟಿಯ ಚಪ್ಪಲಿಯಲ್ಲಿ ಅವಳ ಬಿಳಿ ಪಾದ ಹೊಳೆಯುತ್ತಿತ್ತು. ಹಿಂಬಾಗಿಲಿಗೂ ಹೊಳೆಗೂ ನಡುವಿನ ತಗ್ಗನ್ನು ಕಾರಟಗಿ ಗಿರಣಿಗಳ ಬೂದಿ ತಂದು ತುಂಬಿಸಿ, ಮೇಲೆ ತೆಳ್ಳಗೆ ಕೆಂಪು ಮೊರಂ ಮಣ್ಣು ಹರಡಿದ್ದರು.

"ಇಲ್ಲೆಲ್ಲ ಲಾನ್ ಬರುತ್ತೆ ಮೇಡಂ. ಮಕ್ಕಳಿಗೆ ಆಡೋಕೆ," ಎಂದಳು. "ಆ ಕೆಲಸ ಮುಂದಿನ ತಿಂಗಳು. ಈ ಒಂದು ಟ್ರಾಲಿ ಮಣ್ಣು ಮಾತ್ರ ನಿನ್ನೆ ಬೆಳಿಗ್ಗೆ ಯಾಕೆ ತಂದು ಸುರಿದ್ರೋ. ರುದ್ರೇಶ್ ಸರ್ ಹೇಳಿದ್ರಂತೆ."

ಬೂದಿಯ ಅಂಚಿನಲ್ಲಿ, ಹೊಳೆಯ ಬದಿಗೆ, ಹಸಿ ಮಣ್ಣಿನ ರಾಶಿಯೊಂದು ಒಂಟಿಯಾಗಿ ಬಿದ್ದಿತ್ತು. ಪಂಪಮ್ಮ ಹನುಮೇಶನನ್ನು ಕರೆದು, ಸ್ಕೂಟರಿನಲ್ಲಿಟ್ಟ ತಮ್ಮ ನೀರಿನ ಬಾಟಲಿ ತರಲು ಕಳಿಸಿದರು. ಅವನು ಗೋಡೆಯ ಬುಡ ಹಿಡಿದು, ಉದ್ದಕ್ಕೂ ಸುತ್ತು ಹಾಕಿ, ಬೆವರು ಒರೆಸಿಕೊಳ್ಳುತ್ತ ಅದೇ ದಾರಿಯಲ್ಲಿ ಹಿಂತಿರುಗಿದ.

"ಎದುರಿಗೇ ಹಿಂಬಾಗ್ಲ ಕಾಣ್ತೈತಿ. ಹಿಂಗ ಯಾಕ ಸುತ್ತಿ ಬಂದಿ ಹನುಮೇಶ?"

"ಬೂದಿ ಐತಲ್ರಿ ಅಕ್ಕಾರ."

"ಮ್ಯಾಲ ಮಣ್ಣ ಹಾಕ್ಯಾರಲ್ಲ."

"ಮಣ್ಣ ಹಾಕಿದ್ರೇನಾತ್ರಿ? ಭತ್ತದ ಹೊಟ್ಟಿನ ಬೂದಿ ಅದು. ಮ್ಯಾಲ ತಣ್ಣಗ ಕಂಡರೂ ಒಳಗ ತಿಂಗಳಗಟ್ಲೆ ಕೆಂಡ ಇರ್ತೈತಿ. ಕುಸದ್ರ ಕಾಲ ಹೋದಂಗ."

"ನಿನಗ ಯಾರು ಹೇಳಿದ್ರು?"

ಹನುಮೇಶ ತಬ್ಬಿಬ್ಬಾದ. ಯಾರೂ ಹೇಳಿದ ನೆನಪಿಲ್ಲ. ಗಿರಣಿ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಅದನ್ನು ಹೇಳಬೇಕೇ?

"ಅದ ನೋಡು," ಎಂದರು ಪಂಪಮ್ಮ. "ನಾವೆಲ್ಲಾ ಸುತ್ತ ಹಾಕಿ ಬರಾವ್ರು. ಅದಕ್ಕ ದಾರಿ ನಮ್ಮ ಕಣ್ಣಿಗೆ ಬೀಳಲಿಲ್ಲ." ಅವರ ದನಿ ಸಣ್ಣದಾಗಿತ್ತು. ಪಂಪಮ್ಮನಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಹಾಗಾಗುತ್ತದೆ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಮಾದರಿ ಮನೆಯಲ್ಲಿ ಸೇರಿಸಿದರು. ರುದ್ರೇಶ ಅದೇ ಸೋಫಾದ ಮೇಲೆ, ಅಮೃತಾ ಕಿಟಕಿಯ ಹತ್ತಿರ, ಮೆಹರಾಜ ಬಾಗಿಲಲ್ಲಿ ನಿಂತು. ಪಂಪಮ್ಮ ಹಟ ಹಿಡಿದಿದ್ದರಿಂದ ಸಿದ್ದಲಿಂಗೇಶ ರಫೀಯನ್ನೂ ಕರೆತಂದಿದ್ದ. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಬಲಗೈ ಊದಿತ್ತು. ಮೆಹರಾಜ ಅವನನ್ನು ನೋಡಿದಳು, ಆಮೇಲೆ ಎಸ್.ಐ.ಯನ್ನು ನೋಡಿದಳು. ಎಸ್.ಐ. ಛಾವಣಿಯ ತೊಲೆ ಎಣಿಸತೊಡಗಿದ.

"ತಂಗೀ ಅಮೃತಾ," ಎಂದು ಪಂಪಮ್ಮ ಶುರು ಮಾಡಿದರು. "ಹೊಳಿ ದಂಡಿಯಿಂದ ಲಗೂನ ಈ ಕಟ್ಟಡದೊಳಗ ಬರಬೇಕಂದ್ರ ಹೆಂಗ ಬರ್ತೀವಾ?"

"ನೇರ ಹಿಂಬಾಗಿಲಿಗೆ, ಮೇಡಂ. ಅಷ್ಟು ಜಾಗ ಸಮ ಮಾಡಿದಾರಲ್ಲ."

"ಏ, ಕಾಲ ಸುಟ್ಟು ಹೊಕ್ಕಾವು," ಎಂದು ಸಿದ್ದಲಿಂಗೇಶ ಥಟ್ಟನೆ ಅಂದುಬಿಟ್ಟ.

"ಕೇಳಿದ್ರಿ? ನಿಮಗ ಗೊತ್ತೈತಿ, ಆಕಿಗೆ ಗೊತ್ತಿಲ್ಲ. ಹಿಂದಿನಿಂದ ಯಾರೂ ಬರಂಗಿಲ್ಲ ಅಂತ ನೀವು ತೀರ್ಮಾನ ಮಾಡಿದ್ರಿ. ಯಾಕ? ಒಳಗ ಕೆಂಡ ಐತಿ ಅಂತ ನಿಮಗ ಗೊತ್ತು. ಆದ್ರ ಗೊತ್ತಿಲ್ಲದಾಂವಗ ಅದು ಬರೇ ಮಣ್ಣಿನ ಬಯಲು. ರಫೀ ಖರೇನ ಹೇಳ್ಯಾನ. ಗೇಟಿನಾಗ ಯಾರೂ ಬಂದಿಲ್ಲ. ಕೊಂದಾಂವ ಬೂದಿ ಮ್ಯಾಲ ನಡಕೊಂತ ಬಂದಾನ. ಬರುವಾಗ ಮೆಲ್ಲಕ ಬಂದಾನ, ಮ್ಯಾಲಿನ ಹೆಪ್ಪು ತಡದೈತಿ. ಹೋಗುವಾಗ ಹೆದರಿ ಓಡ್ಯಾನ. ಹೊಳಿ ಬಾಜೂಕ ಅಂಚಿನಾಗ ಕುಸದೈತಿ."

ಅಮೃತಾ ಕಿಟಕಿಯಿಂದ ಆ ಬಯಲನ್ನು ನೋಡಿದಳು. "ಅಲ್ಲಿ ಮಕ್ಕಳು ಆಡೋ ಲಾನ್ ಹಾಕಿದೀನಿ. ನನಗ್ಯಾರೂ ಹೇಳ್ಲಿಲ್ಲ."

"ಯಾರೂ ಹೇಳೂದಿಲ್ಲವ್ವ. ಎಲ್ಲಾರಿಗೂ ಗೊತ್ತೈತಿ ಅಂತ ಎಲ್ಲಾರೂ ತಿಳಕೊಂಡಿರ್ತಾರ. ಮೊದಲ ನಿನ್ನ ಮ್ಯಾಲ ನನಗ ಅನುಮಾನ ಬಂದಿತ್ತು. ಆದ್ರ ನಿನ್ನ ಪಾದ ಸ್ವಚ್ಛ ಅದಾವ. ಹಂಗಿಲ್ಲದ ಪಾದ ಇಲ್ಲಿ ಒಂದ."

ರುದ್ರೇಶ ನಕ್ಕ. "ಸಿಸ್ಟರ್, ನಾ ಈ ಗಿರಣಿ ಮಗ. ನನಗ ಬೂದಿ ಗೊತ್ತಿಲ್ಲೇನು?"

"ನಿಮ್ಮ ಬೋರ್ಡ್ ನಂಬಿ ನಾನೂ ಅದನ್ನ ಅಂದಕೊಂಡಿದ್ದೆ. ಸೈಲೆನ್ಸರ್ ತಾಗಿದ್ರ ಮೀನಖಂಡದ ಒಂದ ಬಾಜೂಕ ಸುಡ್ತೈತಿ. ಬೆರಳಿಂದ ಹಿಮ್ಮಡತನಕ ಸುತ್ತೂ ಸುಡಬೇಕಂದ್ರ ಕಾಲು ಕೆಂಡದಾಗ ಮುಳಗಬೇಕು. ಇನ್ನ ಒಂದೀಟ ಧೂಳಿಗೆ ದಮ್ಮು ಹತ್ತೂ ಕೂಸು ಭತ್ತದ ಗಿರಣಿಯಾಗ ಹೆಂಗ ಆಡಿ ಬೆಳೀತು? ಮೆಹರಾಜ, ನೀ ಇಲ್ಲೇ ಹುಟ್ಟಿದಾಕಿ. ಹೇಳು."

"ಒಂದ ದಿನನೂ ಒಳಗ ಬಂದಿಲ್ರಿ," ಎಂದಳು ಮೆಹರಾಜ. "ಗೇಟಿನಾಚೆ ಕಾರ್ ನಿಂದ್ರತಿತ್ತು. ಗ್ಲಾಸ್ ಸೈತ ಇಳಸ್ತಿದ್ದಿಲ್ಲ. ದಮ್ಮು ಬರ್ತೈತಿ ಅಂತ ಅವರವ್ವಾರು ಬಿಡ್ತಿದ್ದಿಲ್ಲ. ಆಮ್ಯಾಲ ಊಟಿ ಸಾಲಿಗೆ ಹಾಕಿದ್ರು."

"ಕುಸದ ಜಾಗಾ ಮರುದಿನ ಕಂಡೀತು ಅಂತ ಒಂದ ಟ್ರಾಲಿ ಮಣ್ಣ ಸುರಿಸಿದ್ರಿ," ಎಂದು ಪಂಪಮ್ಮ ಮುಂದುವರಿಸಿದರು. "ಲಾನಿನ ಕೆಲಸ ಮುಂದಿನ ತಿಂಗಳು ಇರುವಾಗ. ಸಾಹೇಬ್ರ, ನಾ ಹೇಳಿದಂಗ ನಿಮ್ಮ ಮಂದಿ ಇವತ್ತ ನಸಿಕಿನಾಗ ಆ ರಾಶಿ ತಗದ್ರಲ್ಲ, ಏನ್ ಸಿಕ್ತು?"

ಸಿದ್ದಲಿಂಗೇಶ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ. ಕರಗಿ ಮುದ್ದೆಯಾದ ಎಡಗಾಲ ಬೂಟಿನ ಅಟ್ಟೆ, ಅದಕ್ಕೆ ಅಂಟಿದ ಹಿತ್ತಾಳೆ ಬಕಲು. "ಇದರ ಜೋಡಿ ನಿಮ್ಮ ಕಾರಿನ ಡಿಕ್ಕಿಯಾಗ ಸಿಕ್ತರಿ, ಸಾಹುಕಾರ್ರ," ಎಂದ. ಸಾಹುಕಾರ್ರ ಎನ್ನುವಾಗ ಅವನ ದನಿ ಮೊದಲಿನಷ್ಟು ಮೆತ್ತಗಿರಲಿಲ್ಲ.

ರುದ್ರೇಶನ ನಗು ಆರಿಹೋಯಿತು. "ನಾ ಕೊಲ್ಲಾಕ ಬಂದಿದ್ದಿಲ್ಲ. ಮಾತಾಡಾಕ ಬಂದಿದ್ದೆ. ಭಾನುವಾರ ಎಲ್ಲಾರ ಮುಂದ ಇಲ್ಲೇ ಕುಂದರ್ತೀನಿ ಅಂದ. ನೂಕಿದೆ, ಬಿದ್ದ."

"ಮಾತಾಡಾಕ ಬರಾಂವ ಗೇಟಿನಿಂದ ಬರ್ತಾನ," ಎಂದರು ಪಂಪಮ್ಮ. "ಹೋಗ್ಲಿ, ನೂಕಿದ್ದು ಒಂದ ಗಳಿಗಿ ಸಿಟ್ಟು ಅನ್ರಿ. ಆಮ್ಯಾಲ? ಈ ಹುಡಗ ಅಲ್ಲಿ ಲಾಠಿ ತಿನ್ನೂದು ಗೊತ್ತಿದ್ದೂ ನೀವಿಲ್ಲಿ ಕಾಲಿಗೆ ದಿಂಬ ಕೊಟ್ಟು ಕುಂತಿದ್ರಿ."

ಹನುಮೇಶ ಒಂದು ಹೆಜ್ಜೆ ಮುಂದೆ ಹೋಗಿದ್ದ. ಪಂಪಮ್ಮ ಅವನ ತೋಳು ಹಿಡಿಯದಿದ್ದರೆ ಅವತ್ತು ಇನ್ನೊಂದು ಕೇಸಾಗುತ್ತಿತ್ತು.

ರುದ್ರೇಶನನ್ನು ಜೀಪಿಗೆ ಹತ್ತಿಸಿ ಕಳಿಸಿದ ಮೇಲೆ ಸಿದ್ದಲಿಂಗೇಶ ರಫೀಯ ಬೆನ್ನು ತಟ್ಟಿದ. "ನಡಿಯಪ್ಪಾ ಮನಿಗೆ. ಕೇಸ್ ಮುಗೀತು."

ಮೆಹರಾಜ ಬಾಗಿಲು ಬಿಟ್ಟು ಸರಿಯಲಿಲ್ಲ. "ನಿಮ್ಮದು ಮುಗೀತ್ರಿ. ಅಬ್ಬಾನ ಮಣ್ಣಿನ ಹೊತ್ತಿನಾಗ ಖಬರಸ್ತಾನದ ಬಾಗ್ಲದಿಂದ ಇವನ್ನ ಎಳಕೊಂಡು ಹೋದ್ರಿ. ಮಾವನ್ನ ತಿಂದಾಂವ ಅಂತ ಊರಿಗೆಲ್ಲಾ ಕೇಳೂಹಂಗ ಒದರಿದ್ರಿ. ಒಂದ ಹಿಡಿ ಮಣ್ಣ ಹಾಕಗೊಡಲಿಲ್ಲ. ಬರ್ರಿ ಈಗ. ಅದ ಬಾಗ್ಲಾಗ ನಿಂತು ತಪ್ಪಾತು ಅಂತ ಹೇಳ್ರಿ."

"ನೋಡವಾ, ಇಲಾಖೆ ಅಂದಮ್ಯಾಲ..." ಎನ್ನುತ್ತ ಅವನು ಪಂಪಮ್ಮನ ಮುಖ ನೋಡಿದ.

"ನನ್ನ ಕಡೆ ಏನ್ ನೋಡ್ತೀರಿ? ನಡೀರಿ," ಎಂದರು ಅವರು.

ಮಧ್ಯಾಹ್ನದ ನಮಾಜು ಮುಗಿದು ಪಕ್ಕದ ಮಸೀದಿಯಿಂದ ಜನ ಹೊರಬರುತ್ತಿದ್ದರು. ಖಬರಸ್ತಾನದ ಬಾಗಿಲಲ್ಲಿ ಎಸ್.ಐ. ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತ. ರಫೀ ಕೊಂದಿಲ್ಲ, ನಮ್ಮದು ತಪ್ಪಾಯಿತು ಎಂದು ತನ್ನ ಎದೆಗಷ್ಟೇ ಕೇಳುವಂತೆ ಗೊಣಗಿದ.

"ಕೇಳಸ್ಲಿಲ್ರಿ," ಎಂದಳು ಬಾಗಿಲ ಹೊರಗೆ ನಿಂತಿದ್ದ ಮೆಹರಾಜ. "ಅವತ್ತ ಎಷ್ಟ ಜೋರ ಒದರಿದ್ರಿ, ಅಷ್ಟ ಜೋರ ಹೇಳ್ರಿ."

ಜನ ನಿಂತು ನೋಡುತ್ತಿದ್ದರು. ಯಾರೂ ಅವನ ನೆರವಿಗೆ ಬರಲಿಲ್ಲ. ಸಿದ್ದಲಿಂಗೇಶ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದ. ಆಗ ಅವಳು ಅವನಿಗೆ ದಾರಿ ಬಿಟ್ಟಳು. ರಫೀ ಒಳಗೆ ಹೋಗಿ ಗೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಊದಿದ ಬಲಗೈಯ ಬೆರಳು ಮಡಚಲಿಲ್ಲ. ಎಡಗೈಯಿಂದ ಮಣ್ಣೆತ್ತಿ ಬಲಗೈಯಲ್ಲಿಟ್ಟುಕೊಂಡು, ಮೆಲ್ಲಗೆ ಗೋರಿಯ ಮೇಲೆ ಸುರಿದ.