ಹದಿನಾಲ್ಕನೇ ನಂಬರಿನ ಕಬ್ಬಿಣ

"ಇವನ್ನ ನೀವೇ ಇಟ್ಕೊಳ್ಳಿ ಮೇಡಂ. ನನಗೆ ಬೇಡ."

ಇಪ್ಪತ್ತೆರಡು ಅರ್ಜಿಗಳ ಕಟ್ಟು ಅಡ್ಮಿಷನ್ ಮೇಜಿನ ಮೇಲೆ ಬಿತ್ತು. ಫಿಸಿಕ್ಸ್ ಮೇಡಂ ತಲೆ ಎತ್ತಿದಳು. ಎದುರಿಗೆ ನಿಂತಿದ್ದವನು ಆ ವಾರವಷ್ಟೇ ಶಾಲೆಗೆ ಸೇರಿದ ಫಿಟ್ಟರ್ ಮೇಷ್ಟ್ರು. ಅವಳ ಕಣ್ಣು ಮೊದಲು ಹೋದದ್ದು ಅವನ ಉಗುರುಗಳಿಗೆ. ಅಂಚಿನಲ್ಲಿ ಕಪ್ಪು ಗೆರೆ.

'ಕೈ ತೊಳ್ಕೊಂಡು ಬರೋದಕ್ಕೂ ಸೋಮಾರಿತನ...' ಎಂದುಕೊಂಡಳು.

"ಯಾಕೆ ಬೇಡ?"

"ಪ್ರತಿ ಅರ್ಜಿ ಮೇಲೂ ಹಸಿರು ಇಂಕಲ್ಲಿ 'ಇವನಿಗೆ ವೃತ್ತಿ ವಿಭಾಗ ಸಾಕು' ಅಂತ ಬರೆದಿದ್ದೀರ. ಸಾಕು ಅಂದ್ರೇನು? ನಂದು ವರ್ಕ್‌ಶಾಪು. ಕಸದ ಡಬ್ಬ ಅಲ್ಲ."

"ಐವತ್ತು ಪರ್ಸೆಂಟೂ ತೆಗೀದೋರನ್ನ ಇನ್ನೆಲ್ಲಿಗೆ ಕಳಿಸ್ಲಿ?"

"ನನಗೆ ಅಂಕ ಬೇಕಿಲ್ಲ. ಶನಿವಾರ ಬಂದೋರಿಗೆಲ್ಲ ಒಂದು ಕಬ್ಬಿಣದ ತುಂಡು, ಒಂದು ಅರ ಕೊಡ್ತೀನಿ. ಉಜ್ಜಿ ಸಮತಟ್ಟು ಮಾಡ್ಬೇಕು. ಇಪ್ಪತ್ತು ಸೀಟು, ಚೆನ್ನಾಗಿ ಉಜ್ಜಿದ ಇಪ್ಪತ್ತು ಜನ."

"ತುಕ್ಕು ಉಜ್ಜೋಕೂ ಎಂಟ್ರೆನ್ಸಾ?"

"ಫಿಸಿಕ್ಸ್ ಪಾಠ ಮಾಡೋಕೆ ನಿಮಗೆ ಯಾರೂ ಎಂಟ್ರೆನ್ಸ್ ಇಡ್ಲಿಲ್ಲ ಅನ್ಸುತ್ತೆ" ಎಂದು ಅವನು ಹೊರಟೇಹೋದ.

ಆ ಶಾಲೆಯ ಸ್ಟಾಫ್ ರೂಮಿನ ಗೋಡೆಯ ಮೇಲೆ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ದೊಡ್ಡದಾಗಿ ಬರೆಸಿದ್ದರು. ಬರೆಸಿದವರ ಕೈಗೆ ಕೆಸರು ಅಂಟಿದ್ದನ್ನು ಯಾರೂ ಕಂಡವರಿಲ್ಲ. ಹನ್ನೊಂದನೇ ತರಗತಿಗೆ ಬರುವ ಮಕ್ಕಳಲ್ಲಿ ಹೆಚ್ಚು ಅಂಕದವರು ಸೈನ್ಸಿಗೆ, ಮಿಕ್ಕವರು ಕಾಮರ್ಸಿಗೆ, ಯಾರಿಗೂ ಬೇಡವಾದವರು ವರ್ಕ್‌ಶಾಪಿಗೆ. ಮಕ್ಕಳನ್ನು ಹೀಗೆ ಜರಡಿ ಹಿಡಿಯುವ ಕೆಲಸ ಆರು ವರ್ಷದಿಂದ ನಮ್ಮ ಮೇಡಮ್ಮನದು. ಅದಕ್ಕವಳು 'ಮಾರ್ಗದರ್ಶನ' ಎಂದು ಹೆಸರಿಟ್ಟಿದ್ದಳು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವನ ಮಾತು ನಾಲ್ಕು ಸಲ ನೆನಪಾಯಿತು. ಎಂಥ ಸೊಕ್ಕು... ಅಷ್ಟು ಸೊಕ್ಕಿನವನನ್ನು ಅಷ್ಟು ಸಲ ನೆನೆಯುವುದೇಕೆ ಎಂದು ಮಾತ್ರ ಅವಳು ಕೇಳಿಕೊಳ್ಳಲಿಲ್ಲ. ಅದು ಸಿಲಬಸ್ಸಿನಲ್ಲಿ ಇರಲಿಲ್ಲ.

ಮನೆಯಲ್ಲಿ ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ನಿನ್ನ ತಂಗಿ ಫಿಟ್ಟರ್ ಆಗ್ತಾಳಂತೆ. ತೊಂಬತ್ಮೂರು ಪರ್ಸೆಂಟು ತಗೊಂಡು! ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅಂತಾರಲ್ಲ, ಹಾಗಾಯ್ತು."

"ನಂಗೆ ಅದೇ ಇಷ್ಟ ಅಕ್ಕ" ಎಂದಳು ತಂಗಿ. ಕಳಚಿದ ಕುಕ್ಕರಿನ ಹಿಡಿಕೆಗೆ ಸ್ಕ್ರೂ ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಶನಿವಾರ ಉಜ್ಜೋಕೆ ಹೋಗ್ತೀನಿ."

ಮೇಡಂಗೆ ಎಲ್ಲ ಅರ್ಥವಾಯಿತು. ಅಂದರೆ, ತಪ್ಪಾಗಿ ಅರ್ಥವಾಯಿತು. ಮರುದಿನ ಬೆಳಗ್ಗೆಯೇ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಳು.

"ನಿಮ್ಮ ವಿಭಾಗದ ಮಾನ ಉಳಿಸ್ಕೊಳ್ಳೋಕೆ ನನ್ನ ತಂಗಿ ತಲೆ ಕೆಡಿಸಿದ್ದೀರ, ಅಲ್ವಾ?"

"ನಿಮಗೊಬ್ಬಳು ತಂಗಿ ಇದ್ದಾಳೆ ಅಂತ ಗೊತ್ತಾಗಿದ್ದೇ ಈಗ" ಎಂದ ಅವನು. "ತುಂಡುಗಳ ಮೇಲೆ ನಾನು ನಂಬರ್ ಮಾತ್ರ ಹೊಡೀತೀನಿ, ಯಾವ ನಂಬರು ಯಾರದು ಅಂತ ಬರ್ಕೊಳ್ಳೋದು ಆಫೀಸು. ಹೆಸರು ಕೇಳಲ್ಲ, ಅಂಕ ಕೇಳಲ್ಲ, ಅಕ್ಕ ಯಾರು ಅಂತಾನೂ ಕೇಳಲ್ಲ."

ಅವಳು ನಂಬಲಿಲ್ಲ.

ಶನಿವಾರ ಸಂಜೆ ತಂಗಿ ಕಪ್ಪು ಉಗುರುಗಳೊಂದಿಗೆ ಓಡಿಬಂದಳು. "ಅಕ್ಕ, ನಂದು ಹದಿನಾಲ್ಕನೇ ನಂಬರು. ನಂದೇ ಫಸ್ಟು!"

ಸೋಮವಾರ ಅಡ್ಮಿಷನ್ ಮೇಜಿನಲ್ಲಿ ಮೇಡಂ ಒಬ್ಬಳೇ ಇದ್ದಾಗ ತಂಗಿಯ ಅರ್ಜಿ ಕೈಗೆ ಬಂತು. 'ವೃತ್ತಿ ವಿಭಾಗ' ಎಂದಿದ್ದನ್ನು ಹೊಡೆದುಹಾಕಿ, 'ಸೈನ್ಸ್' ಎದುರು ಹಸಿರು ಟಿಕ್ ಹಾಕಿ, ಪಕ್ಕದಲ್ಲಿ ಸಹಿ ಮಾಡಿದಳು. ತಂಗಿಯ ಒಳ್ಳೆಯದಕ್ಕೆ ಎಂದುಕೊಂಡಳು. ಮನೆಯವರ ಕತ್ತು ಕೊಯ್ಯುವ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಮಂಗಳವಾರ ಪಟ್ಟಿ ಹಚ್ಚಿದರು. ತಂಗಿ ಅದನ್ನು ಎರಡು ಸಲ ಓದಿದಳು. ಅಳಲಿಲ್ಲ, ಜಗಳವಾಡಲಿಲ್ಲ. ಅಕ್ಕನೊಂದಿಗೆ ಮಾತು ಬಿಟ್ಟಳು, ಅಷ್ಟೇ. ಪಟ್ಟಿ ತಿದ್ದಲು ಶುಕ್ರವಾರ ಸಂಜೆ ಐದರವರೆಗೆ ಸಮಯವಿತ್ತು.

ಬುಧವಾರ ಫಿಟ್ಟರ್ ಮೇಷ್ಟ್ರು ಅಂಗೈಯಲ್ಲಿ ಕಬ್ಬಿಣದ ತುಂಡು ಹಿಡಿದು ಬಂದ.

"ಹದಿನಾಲ್ಕನೇ ನಂಬರಿನ ಮಗು ಬಂದಿಲ್ಲ. ಯಾರು ಅಂತ ನಿಮ್ಮ ಕಡತದಲ್ಲಿ ಇರುತ್ತಲ್ಲ, ಸ್ವಲ್ಪ ನೋಡಿ. ಹಿಂದಿನ ಶಾಲೆಗಳೂ ಸೇರಿ ಇಂಥ ಕೈ ನನಗೆ ಎಂಟು ವರ್ಷದಲ್ಲಿ ಸಿಕ್ಕಿಲ್ಲ."

ಆ ಸೊಕ್ಕಿನ ಮನುಷ್ಯ ಬೇಡುತ್ತಿದ್ದ! ಅದೂ ಹೆಸರೇ ಗೊತ್ತಿಲ್ಲದ ಒಂದು ಮಗುವಿಗಾಗಿ. ಅವನು ಹೇಳಿದ್ದು ನಿಜವಾಗಿತ್ತು...

"ನೋಡ್ತೀನಿ" ಎಂದಳು.

ಗುರುವಾರ ಕ್ಲಾಸು ಮುಗಿಸಿ ವರ್ಕ್‌ಶಾಪಿಗೆ ಹೋದಳು. ಹೇಳಬೇಕೆಂದೇ ಹೋದದ್ದು. ಜಂಬ ಬಿಡಬೇಕಲ್ಲ?

"ನನಗೂ ಒಂದು ತುಂಡು ಕೊಡಿ. ಅದೇನಂಥ ಬ್ರಹ್ಮವಿದ್ಯೆ ನೋಡ್ತೀನಿ."

ಅವನು ತುಂಡನ್ನು ವೈಸಿನ ದವಡೆಗೆ ಬಿಗಿದು ಅರ ಕೈಗಿತ್ತ. ಒಂದು ಗಂಟೆ ಉಜ್ಜಿದಳು. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಆರು ವರ್ಷ ಬೋರ್ಡಿನ ಮೇಲೆ ಘರ್ಷಣೆ ಪಾಠ ಮಾಡಿದವಳಿಗೆ ಘರ್ಷಣೆಯ ಪರಿಚಯವಾದದ್ದು ಅಂದೇ.

ಅವನು ತುಂಡಿನ ಮೇಲೆ ಮೂಲೆಮಟ್ಟದ ನೇರ ಅಂಚು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ತುದಿಯಲ್ಲಿ ಬೆಳಕು ಧಾರಾಳವಾಗಿ ನುಗ್ಗಿತು.

"ನಡು ಉಬ್ಬಿದೆ. ತುದಿ ಎರಡೂ ಇಳಿದಿವೆ."

"ನಿಮ್ಮ ಅರ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಆಮೇಲೆ ಹದಿನಾಲ್ಕನೇ ನಂಬರಿನ ತುಂಡಿನ ಮೇಲೆ ಅದೇ ಮೂಲೆಮಟ್ಟ ಇಟ್ಟು ಅವಳ ಕಣ್ಣಿನ ಎತ್ತರಕ್ಕೆ ಹಿಡಿದ. ಈ ತುದಿಯಿಂದ ಆ ತುದಿಯವರೆಗೆ ಬೆಳಕು ಎಲ್ಲೂ ಸೋರಲಿಲ್ಲ.

ಅವಳಿಗೆ ಮನೆಯ ಮೇಜು ನೆನಪಾಯಿತು. ಅದರ ಕುಂಟು ಕಾಲನ್ನು ತಂಗಿ ಸರಿಮಾಡಿದಾಗ ಅವಳಿಗೆ ಒಂಬತ್ತು ವರ್ಷ. ಅದೇ ಮೇಜಿನ ಮೇಲೆ ತಾನು ಇಷ್ಟು ವರ್ಷ ಪೇಪರು ತಿದ್ದಿದ್ದಳು. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

"ಹದಿನಾಲ್ಕು... ನನ್ನ ತಂಗಿ" ಎಂದಳು. "ಅವಳ ಅರ್ಜಿ ತಿದ್ದಿದ್ದು ನಾನೇ."

ಅವನು ಕೂಗಾಡಲಿಲ್ಲ. ತುಂಡನ್ನು ಜೇಬಿಗೆ ಹಾಕಿಕೊಂಡ.

"ನಿಮಗೆ ಬರೀ ಜಂಬ ಅಂದ್ಕೊಂಡಿದ್ದೆ. ಕಳ್ಳತನಾನೂ ಬರುತ್ತೆ ಅಂತ ಗೊತ್ತಿರಲಿಲ್ಲ."

ಊರೆಲ್ಲ ಏನೆಂದರೂ ಕ್ಯಾರೇ ಅನ್ನದವಳು, ಈ ಒಬ್ಬನ ಕಣ್ಣಲ್ಲಿ ಕಸವಾಗಿ ನಿಲ್ಲಲಾರದೆ ಹೊರಗೆ ಬಂದಳು. ಯಾಕೆ ನಿಲ್ಲಲಾರೆ ಎಂದು ಆಗ ಗೊತ್ತಾಯಿತು. ಗೊತ್ತಾದ ಹೊತ್ತು ಚೆನ್ನಾಗಿತ್ತು!

ಶುಕ್ರವಾರ ಪ್ರಿನ್ಸಿಪಾಲರ ಮುಂದೆ ತನ್ನ ತಪ್ಪನ್ನು ಬರೆದುಕೊಟ್ಟಳು.

"ತಪ್ಪೇನ್ರೀ ಇದು, ಒಳ್ಳೇ ಕೆಲಸ" ಎಂದರು ಅವರು. "ತೊಂಬತ್ಮೂರನ್ನ ಯಾರಾದ್ರೂ ವರ್ಕ್‌ಶಾಪಿಗೆ ಬಿಡ್ತಾರಾ? ರಿಸಲ್ಟ್ ಬ್ಯಾನರಲ್ಲಿ ಫೋಟೊ ಯಾರದು ಹಾಕ್ಲಿ?"

"ನಿಮ್ಮದೇ ಹಾಕಿ ಸರ್" ಎಂದಳು. "ಪಟ್ಟಿ ತಿದ್ದದೇ ಇದ್ರೆ ಈ ಪತ್ರಾನ ನೋಟಿಸ್ ಬೋರ್ಡಿಗೆ ನಾನೇ ಹಚ್ತೀನಿ."

ಐದಕ್ಕೆ ಹತ್ತು ನಿಮಿಷವಿದ್ದಾಗ ಪಟ್ಟಿ ತಿದ್ದಿದರು. ಮೇಡಂಗೆ ಮೆಮೊ ಸಿಕ್ಕಿತು, ಅಡ್ಮಿಷನ್ ಮೇಜು ಹೋಯಿತು. ಹಸಿರು ಪೆನ್ನನ್ನು ಅವಳು ಅಲ್ಲೇ ಬಿಟ್ಟು ಬಂದಳು.

ಫಿಟ್ಟರ್ ಮೇಷ್ಟ್ರು ಎರಡು ತಿಂಗಳು ಅವಳೊಂದಿಗೆ ಮಾತಾಡಲಿಲ್ಲ. ಅವಳು ಮಾತ್ರ ಪ್ರತಿ ಸಂಜೆ ವರ್ಕ್‌ಶಾಪಿಗೆ ಹೋಗಿ ತಂಗಿಯ ವೈಸಿನಲ್ಲಿ ಉಜ್ಜಿದಳು. ಕಲಿಸಿದವಳು ತಂಗಿ. ಮಾತು ಬಿಟ್ಟಿದ್ದವಳ ಮೊದಲ ಮಾತೇ "ಮೊಣಕೈ ಎತ್ಬೇಡ, ದಡ್ಡಿ" ಎಂಬುದು. ಅಂದು ಅಕ್ಕ ಕಣ್ಣೊರೆಸಿಕೊಂಡು ಉಜ್ಜಿದಳು.

ಅಂದಹಾಗೆ, ಈ ಮೇಷ್ಟ್ರು ಗುಟ್ಟಾಗಿ ದೊಡ್ಡ ಇಂಜಿನಿಯರ್ ಎಂದು ಕೊನೆಗೆ ತಿಳಿಯುತ್ತದೆ ಎಂದು ನೀವು ಕಾಯುತ್ತಿದ್ದರೆ, ಆ ಹಸಿರು ಪೆನ್ನು ನಿಮ್ಮ ಜೇಬಿನಲ್ಲೇ ಇದೆ. ಅವನು ಫಿಟ್ಟರ್. ಅಷ್ಟೇ, ಮತ್ತು ಅಷ್ಟು ಸಾಕು.

ಒಂದು ಸಂಜೆ ತಂಗಿ ಬೇಕೆಂದೇ ಬೇಗ ಹೊರಟಳು. ಅವನು ಬಂದು ವೈಸಿನ ಪಕ್ಕ ನಿಂತ. ಅವಳ ತುಂಡು ತೆಗೆದು, ಮೂಲೆಮಟ್ಟ ಇಟ್ಟು, ಕಿಟಕಿಗೆ ಹಿಡಿದ.

"ಇನ್ನೂ ಸೋರುತ್ತೆ" ಎಂದ.

"ಎಷ್ಟು?"

"ಕೂದಲೆಳೆಯಷ್ಟು."

"ಹಾಗಾದ್ರೆ ಫೇಲಾ?"

"ಫೇಲೇ. ಆದ್ರೂ ನಿಮ್ಮ ಹೆಸರು ತಪ್ಪಿಸಿ ಪತ್ರ ಬರೀಬಹುದಿತ್ತು. ಬರೀಲಿಲ್ಲ. ಅವತ್ತೇ ಹೇಳ್ಬೇಕಿತ್ತು ನಾನು..." ಅವನ ಮಾತು ಮೊದಲ ಸಲ ತಡವರಿಸಿತು. "ಎರಡು ತಿಂಗಳಿಂದ ಐದು ಗಂಟೆ ಆಗೋದನ್ನೇ ಕಾಯ್ತಿದೀನಿ."

"ಮಾತಾಡದೇನೇ?"

"ನಂಗೂ ಜಂಬ ಇರ್ಬಾರ್ದಾ?"

ಅವಳು ನಕ್ಕಳು. ಕಣ್ಣು ತುಂಬಿತ್ತು. "ನಾನು ಬಸ್ಸಲ್ಲಿ ನಿಮ್ಮನ್ನ ಬೈಕೊಂಡೇ ಹೋಗ್ತಿದ್ದೆ. ಮೊದಲನೇ ದಿನದಿಂದ. ಅದು ಬೈಗುಳ ಅಲ್ಲ ಅಂತ ತಡವಾಗಿ ಗೊತ್ತಾಯ್ತು."

"ಮನೆಗೆ ಬಂದು ಕೇಳ್ಲಾ?"

"ಅಮ್ಮ ಮೊದಲು ಉಗುರು ನೋಡ್ತಾಳೆ."

"ತೊಳೆದ್ರೂ ಹೋಗಲ್ಲ ಇದು."

ಅವಳು ತನ್ನ ಎರಡೂ ಕೈ ಚಾಚಿ ಅವನ ಕೈಗಳ ಪಕ್ಕ ಇಟ್ಟಳು. ಇಪ್ಪತ್ತು ಉಗುರುಗಳ ಅಂಚಿನಲ್ಲೂ ಕಪ್ಪು ಗೆರೆ.

"ಬನ್ನಿ" ಎಂದಳು. "ಎರಡು ತಿಂಗಳಿಂದ ಅಮ್ಮ ನನ್ನ ಉಗುರು ನೋಡ್ಕೊಂಡೇ ಊಟ ಹಾಕ್ತಿದಾಳೆ."