ಜಪ್ತಿಯಾದ ಸೂರು

ಭಾನುವಾರ ಸಂಜೆ 5.20ಕ್ಕೆ ಠಾಣೆಗೆ ಬಂದ ದೂರು ಟೈಪ್ ಮಾಡಿದ್ದಾಗಿತ್ತು. ಹೆಡ್ ಕಾನ್‌ಸ್ಟೆಬಲ್‌ಗೆ ತಲೆ ಕೆಟ್ಟದ್ದು ಅಲ್ಲೇ. ಮಧ್ಯಾಹ್ನ 1.40ಕ್ಕೆ ಬೆಂಕಿ ಬಿದ್ದಿದೆ, ಒಬ್ಬ ಸುಟ್ಟು ಸತ್ತಿದ್ದಾನೆ, ಶೆಡ್ಡಿನ ತಗಡು ಇನ್ನೂ ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಯಾರೋ ಫ್ಯಾನಿನ ಕೆಳಗೆ ಕೂತು, ಅಂಚು ಬಿಟ್ಟು, ಪ್ಯಾರಾ ಮಾಡಿ, ಎರಡು ಪ್ರತಿ ತೆಗೆದಿದ್ದಾರೆ. "ಸಿಗರೇಟು ಸೇದುವ ಚಟವುಳ್ಳ ಕಾವಲುಗಾರನ ಅಜಾಗರೂಕತೆಯಿಂದ ಖಾಲಿ ಸಿಮೆಂಟ್ ಚೀಲಗಳ ಶೆಡ್ಡಿಗೆ ಬೆಂಕಿ ತಗುಲಿ, ಸದರಿಯವನು ಸ್ಥಳದಲ್ಲೇ ಮೃತಪಟ್ಟಿರುತ್ತಾನೆ." ಕೆಳಗೆ ಮೇಸ್ತ್ರಿಯ ಸಹಿ. ಆ ಮೇಸ್ತ್ರಿಗೆ ತನ್ನ ಹೆಸರು ಬರೆಯುವುದರೊಳಗೇ ಬೆವರು ಕಿತ್ತುಬರುತ್ತಿತ್ತು.

"ಇದನ್ನ ನೀನೇ ಬರೆದೆಯೇನಪ್ಪಾ?"

"ಆಫೀಸಿಂದ ಕೊಟ್ರು ಸಾರ್. ಸಹಿ ಹಾಕು ಅಂದ್ರು, ಹಾಕ್ದೆ."

ಹೆಡ್ ಕಾನ್‌ಸ್ಟೆಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಗಾರೆ ಎಂದೇ ಕರೆಯುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆಗೆ ಬೆನ್ನು ತಿರುಗಿಸಿ ಏಳು ವರ್ಷ ಗಾರೆ ಕಲಸಿ, ಆಮೇಲೆ ಹೇಗೋ ಪರೀಕ್ಷೆ ಪಾಸು ಮಾಡಿಕೊಂಡು ಖಾಕಿ ತೊಟ್ಟವನು. ಅಂಗೈಯ ಗಂಟು ಇನ್ನೂ ಹೋಗಿರಲಿಲ್ಲ. ಮೂಗಿನ ತುದಿಯ ಸಿಟ್ಟೂ ಹೋಗಿರಲಿಲ್ಲ.

ಸಂಜೆ 6.10ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಕಟ್ಟುತ್ತಿದ್ದದ್ದು ಸರ್ಕಾರಿ ಹೆರಿಗೆ ಆಸ್ಪತ್ರೆ. ಎರಡು ಮಹಡಿ ಎದ್ದಿತ್ತು. ಹಿಂಬದಿಯಲ್ಲಿ ತಗಡಿನ ಶೆಡ್ಡು. ಬೆಂಕಿ ಆರಿಸಿದವರು ಕಾದ ಬಾಗಿಲು ಬಿಟ್ಟು ಪಕ್ಕದ ತಗಡು ಕಿತ್ತು ಒಳಹೊಕ್ಕಿದ್ದರು. ಒಳಗೆ ಸಾವಿರಾರು ಪ್ಲಾಸ್ಟಿಕ್ ಚೀಲಗಳು ಕರಗಿ ಒಂದೇ ಕರಿ ಬಂಡೆಯಾಗಿದ್ದವು. ಹೆಣ ಬಾಗಿಲಿಗೆ ಒಂದು ಮೊಳ ದೂರದಲ್ಲಿತ್ತು. ಇನ್‌ಸ್ಪೆಕ್ಟರ್ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ ಬಾಗಿಲನ್ನೇ ನೋಡುತ್ತ ನಿಂತರು.

"ರೀ ಗಾರೆ, ಚಿಲಕ ಯಾವ ಕಡೆ ಇದೆ?"

"ಹೊರಗಡೆ ಮೇಡಂ. ಹಾಕಿದೆ."

"ಒಳಗಿದ್ದವನು ಹೊರಗಿನ ಚಿಲಕ ಹಾಕ್ಕೊಂಡು ಸಿಗರೇಟು ಹಚ್ಚಿದ್ನಾ?"

"ಕೈ ಅಷ್ಟುದ್ದ ಇದ್ದಿದ್ರೆ ಕಾವಲುಗಾರ ಯಾಕಾಗ್ತಿದ್ದ ಮೇಡಂ, ಕಂಟ್ರಾಕ್ಟರ್ ಆಗ್ತಿದ್ದ."

ಪಂಚರಲ್ಲೊಬ್ಬ ಮೂಗಿಗೆ ಕರ್ಚೀಫು ಒತ್ತಿಕೊಂಡು ಆಚೆ ಹೋದ. ಸಂಜೆ 7.45ಕ್ಕೆ FIR ದಾಖಲಾಯಿತು. 8.15ಕ್ಕೆ ಮೇಲಿನಿಂದ ಫೋನು: ಕಾವಿಗೆ ಚಿಲಕ ತಾನಾಗಿ ಬಿದ್ದಿರಬಹುದು, ಆಸ್ಪತ್ರೆ ಕೆಲಸ ನಿಲ್ಲಬಾರದು, ಬುಧವಾರದೊಳಗೆ ಆಕಸ್ಮಿಕ ಅಂತ ಮುಗಿಸಿ.

ಸೋಮವಾರ ಬೆಳಿಗ್ಗೆ 8ಕ್ಕೆ ಸತ್ತವನ ಹೆಂಡತಿ ಬಂದಳು. ಗಾರೆ ಕೂರು ಅಂದರೂ ಕೂರಲಿಲ್ಲ.

"ಅವರು ಸಿಗರೇಟು ಬಿಟ್ಟು ಆರು ವರ್ಷ ಆಯ್ತು ಸಾರ್. ಎದೆ ನೋವು ಅಂತ ಬಿಟ್ಟಿದ್ದು. ನಿಮ್ಮ ಕಾಗದದಲ್ಲಿ ಸಿಗರೇಟು ಅಂತ ಬರೆದಿದೀರಂತೆ."

"ನಾವು ಬರೆದಿಲ್ಲಮ್ಮಾ. ಬರೆದುಕೊಟ್ಟಿದಾರೆ."

"ಯಾರು ಬರೆದ್ರೂ ಅಳಿಸಿ. ಸತ್ತರು, ಸರಿ. ತನ್ನ ತಪ್ಪಿಂದ ಸತ್ತ ಅನ್ನೋ ಮಸಿ ಮಾತ್ರ ಬೇಡ. ನಂಗೆ ಇನ್ನೇನೂ ಬೇಡ."

"ಭಾನುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ತಿದ್ರಾ?"

"ಪ್ರತಿ ಭಾನುವಾರ ಒಂದಕ್ಕೆ ಬಂದು ಮೂರಕ್ಕೆ ಹೋಗ್ತಿದ್ರು. ನಿನ್ನೆ ಎಣಿಸೋ ಕೆಲಸ ಇದೆ, ಬರಲ್ಲ, ನೀನೇ ಡಬ್ಬಿ ತಗೊಂಡು ಬಾ ಅಂದ್ರು. ನಾನು ಡಬ್ಬಿ ಹಿಡ್ಕೊಂಡು ಹೋಗೋ ಹೊತ್ತಿಗೆ..."

ಏನು ಎಣಿಸುವುದು, ಯಾರು ಹೇಳಿದ್ದು, ಅವಳಿಗೆ ಗೊತ್ತಿರಲಿಲ್ಲ.

11.30ಕ್ಕೆ ಇನ್‌ಸ್ಪೆಕ್ಟರ್, ಗಾರೆ ಇಬ್ಬರೂ ಆಸ್ಪತ್ರೆ ಕಟ್ಟುತ್ತಿದ್ದ ಕಂಪನಿಯ ಆಫೀಸಿಗೆ ಹೋದರು. ಅಲ್ಲಿ ಮೂವತ್ತು ದಾಟದ ಒಬ್ಬ ಎಂಜಿನಿಯರ್ ಇದ್ದ. ಇಸ್ತ್ರಿ ಮಾಡಿದ ಅಂಗಿ, ಕಡಿದ ಉಗುರು. ಕೂಲಿಯವರು ಅವನಿಗೆ ಇಟ್ಟ ಹೆಸರು ಹೊಗೆ ಸಾರ್.

"ಹೊಗೆ ಸಾರ್ ಅಂದ್ರೆ?" ಗಾರೆ ಕೇಳಿದ.

"ಇಂಗಾಲದ ವರದಿ ಮಾಡೋನು ನಾನು. ಕಟ್ಟಡ ಎದ್ದು ನಿಲ್ಲೋ ಮುಂಚೆನೇ ಅದರ ಪಾಲಿನ ಹೊಗೆ ಗಾಳಿ ಸೇರಿರುತ್ತೆ. ಸಿಮೆಂಟ್ ಸುಡೋವಾಗ, ಕಬ್ಬಿಣ ಕಾಯಿಸೋವಾಗ, ಲಾರೀಲಿ ತರೋವಾಗ. ಅಷ್ಟನ್ನೂ ಕೂಡಿಸಿ ಟೆಂಡರ್ ಜೊತೆ ಕೊಡಬೇಕು. ಯಾರ ಅಂಕಿ ಕಮ್ಮಿಯೋ ಅವರಿಗೆ ಹೆಚ್ಚು ಅಂಕ."

"ನಿಮ್ಮದು ಕಮ್ಮಿ ಬಂತು."

"ನಾವು ಸ್ಲ್ಯಾಗ್ ಸಿಮೆಂಟ್ ಹಾಕ್ತೀವಿ. ಉಕ್ಕಿನ ಕುಲುಮೇಲಿ ಉಳಿಯೋ ಕಿಟ್ಟ ಅರ್ಧ ಬೆರೆತಿರುತ್ತೆ. ಹೊಗೆ ಅರ್ಧಕ್ಕರ್ಧ ಕಮ್ಮಿ."

"ಹೇಳಿದ್ದನ್ನೇ ಹಾಕಿದೀರಿ ಅಂತ ಯಾರು ನೋಡ್ತಾರೆ?" ಇನ್‌ಸ್ಪೆಕ್ಟರ್ ಕೇಳಿದರು.

"ಟೆಂಡರ್ ಕಡೆಯ ಪರಿಶೀಲಕರು ಬಂದು ಖಾಲಿ ಚೀಲ ಎಣಿಸ್ತಾರೆ. ಅದಕ್ಕೇ ಒಂದೊಂದು ಚೀಲದ ಮೇಲೂ ಖಾಲಿ ಮಾಡಿದ ತಾರೀಕು ಕೆಂಪು ಬಣ್ಣದಲ್ಲಿ ಬರೆದು, ಐವತ್ತರ ಕಟ್ಟು ಕಟ್ಟಿ ಇಡಬೇಕು."

"ಯಾವಾಗ ಬರಬೇಕಿತ್ತು?"

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. "ಇವತ್ತು."

"ಈಗ ಎಣಿಸೋಕೆ ಏನಿದೆ?"

"ಬಿಲ್ಲುಗಳಿವೆ ಮೇಡಂ. ಎಲ್ಲಾ ಸರಿಯಾಗಿವೆ."

ಬಿಲ್ಲುಗಳು ನಿಜಕ್ಕೂ ಸರಿಯಾಗಿದ್ದವು. ಹೊರಗೆ ಬಂದ ಮೇಲೆ ಗಾರೆ ಉಗಿದ. ಬಿಲ್ಲು ಯಾವತ್ತೂ ಬೆವರುವುದಿಲ್ಲ, ಅದೇ ಅದರ ಸುಖ.

"ಗೋಡೆ ಕೊರೆದು ಲ್ಯಾಬಿಗೆ ಕಳಿಸಿದ್ರೆ ಯಾವ ಸಿಮೆಂಟು ಅಂತ ಬಯಲಾಗುತ್ತೆ ಮೇಡಂ."

"ವರದಿ ಬರೋಕೆ ಎರಡು ತಿಂಗಳು. ಫೋನ್ ಮಾಡಿದೋರು ಎರಡು ದಿನ ಕೊಟ್ಟಿದಾರೆ." ಇನ್‌ಸ್ಪೆಕ್ಟರ್ ಕೈಯಲ್ಲಿ ಆ ಟೈಪ್ ಮಾಡಿದ ದೂರಿತ್ತು. "ಇದು ಯಾವ ಕಂಪ್ಯೂಟರಿಂದ ಹೊರಟಿದ್ದೋ ಅದನ್ನ ಇವತ್ತೇ ಜಪ್ತಿ ಮಾಡಿಸ್ತೀನಿ. ನೀವು ಆ ಹೆಂಗಸಿನ ಹೇಳಿಕೆ ಮನೇಲೇ ತಗೊಳ್ಳಿ. ನಿಂತುಕೊಂಡೇ ಎಷ್ಟು ಹೇಳ್ತಾಳೆ ಪಾಪ."

ಮಂಗಳವಾರ ಬೆಳಿಗ್ಗೆ 9.30. ಕಟ್ಟಡದ ಕಾಂಪೌಂಡಿನ ಆಚೆ, ಚರಂಡಿಗೆ ಅಂಟಿಕೊಂಡು ಕಾವಲುಗಾರನ ಒಂದೇ ಕೋಣೆಯ ಗುಡಿಸಲು. ಗಾರೆ ಚಾಪೆಯ ಮೇಲೆ ಕೂತು ಬರೆಯತೊಡಗಿದ. ಒಳಗೆ ಬೆಳಕು ಹಳದಿಯಾಗಿತ್ತು. ಎಲ್ಲಿಂದ ಬರುತ್ತಿದೆ ಎಂದು ತಲೆಯೆತ್ತಿದವನು ಪೆನ್ನು ಕೆಳಗಿಟ್ಟ.

ಸೂರು ಪೂರ್ತಿ ಸಿಮೆಂಟ್ ಚೀಲ. ಬಿಚ್ಚಿ, ತೊಳೆದು, ಚೀಲದ ದಾರದಿಂದಲೇ ಒಂದಕ್ಕೊಂದು ಹೊಲಿದದ್ದು. ಅಕ್ಷರಗಳು ತಲೆಕೆಳಗಾಗಿದ್ದವು. ಆದರೆ ಏಳು ವರ್ಷ ಹೆಗಲ ಮೇಲೆ ಹೊತ್ತವನಿಗೆ ಸಾದಾ ಸಿಮೆಂಟಿನ ಚೀಲ ಯಾವುದು, ಸ್ಲ್ಯಾಗಿನದು ಯಾವುದು ಎಂದು ಓದಿ ತಿಳಿಯಬೇಕಾಗಿರಲಿಲ್ಲ. ಅಷ್ಟೂ ಸಾದಾ. ತಯಾರಾದ ವಾರ, ವರ್ಷ ಅಚ್ಚಾಗಿದ್ದವು: ಈ ವರ್ಷದ ಹದಿನಾಲ್ಕು, ಹದಿನಾರು, ಹತ್ತೊಂಬತ್ತನೇ ವಾರ. ಪಕ್ಕದಲ್ಲಿ ಕೆಂಪು ಬಣ್ಣದ ಓರೆ ಅಂಕಿಗಳು.

"ಅಕ್ಕಾ, ಈ ಕೆಂಪು ಬರಹ ಯಾರದು?"

"ಅವರದೇ. ಏಳು ಬರೆದ್ರೆ ಒಂದರ ಥರ ಕಾಣ್ತಿತ್ತು, ನಾನು ನಗ್ತಿದ್ದೆ."

"ಚೀಲ ಮನೆಗೆ ತರೋ ಹಾಗಿತ್ತಾ?"

"ಹರಿದ ಚೀಲ ಐವತ್ತರ ಕಟ್ಟಿಗೆ ಸೇರಲ್ಲ ಸಾರ್. ಹರಿದದ್ದು ಕಾವಲುಗಾರನಿಗೆ ಅಂತ ಎಲ್ಲಾ ಕಡೆ ಇರೋದೇ. ಕದ್ದಿದ್ದಲ್ಲ."

ಗಾರೆಗೆ ಗೊತ್ತಿತ್ತು. ಅವನೂ ಅಂಥದೇ ಚೀಲದ ಕೆಳಗೆ ಮಲಗಿ ಬೆಳೆದವನು. ಗೊತ್ತಿಲ್ಲದವನು ಒಬ್ಬನೇ, ಕಟ್ಟುಗಳನ್ನು ಮಾತ್ರ ಲೆಕ್ಕ ಹಿಡಿದು ಬೆಂಕಿ ಇಟ್ಟವನು.

11ಕ್ಕೆ ಇನ್‌ಸ್ಪೆಕ್ಟರ್ ಬಂದರು, ಪಂಚರು ಬಂದರು. ಗಾರೆ ಅವಳ ಮುಂದೆ ನಿಂತ. ಎಷ್ಟೋ ಮನೆಗಳಲ್ಲಿ ಟಿವಿ, ಗಾಡಿ, ಮಚ್ಚು ಜಪ್ತಿ ಮಾಡಿದವನು ಈಗ ಜಪ್ತಿ ಅನ್ನುವ ಮಾತನ್ನೇ ಎತ್ತಲಿಲ್ಲ.

"ಅಕ್ಕಾ, ನಿಮ್ಮ ಸೂರು ಬೇಕು. ಸಿಗರೇಟು ಅನ್ನೋ ಮಾತು ಅಳಿಸೋಕೆ ಇದೊಂದೇ ದಾರಿ."

ಅವಳು ಮೇಲೆ ನೋಡಿದಳು.

"ಎಣಿಸಿ ತಗೊಳ್ಳಿ. ಅವರು ಎಣಿಸೇ ತಂದಿದ್ರು. ಮೂವತ್ತೆಂಟು."

ಮೂವತ್ತೆಂಟೇ ಇದ್ದವು. ಗಾರೆ ಹೊಲಿಗೆ ಹರಿಯದ ಹಾಗೆ ತಾನೇ ಬಿಚ್ಚಿದ. ಕೋರ್ಟಿಗೆ ಸಾಕ್ಷಿಯಾಗಿ ಹೋಗುವ ಮುದ್ದೆಮಾಲು, ಸಂಖ್ಯೆ 7 ಎಂದು ಚೀಟಿ ಅಂಟಿತು. ಒಳಗಿನ ಒಲೆ, ಪಾತ್ರೆ, ಗೂಟಕ್ಕೆ ನೇತುಹಾಕಿದ ಗಂಡಸಿನ ಅಂಗಿ ಎಲ್ಲ ಬಿಸಿಲಿಗೆ ಬಿದ್ದವು. ಇನ್‌ಸ್ಪೆಕ್ಟರ್ ಜೀಪಿನ ಟಾರ್ಪಾಲು ಬಿಚ್ಚಿಸಿ ಕೊಟ್ಟರು. ಅದು ಮುಕ್ಕಾಲು ಗುಡಿಸಲಿಗೆ ಸಾಕಾಯಿತು.

ಮಧ್ಯಾಹ್ನ 3.40ಕ್ಕೆ ಠಾಣೆಯಲ್ಲಿ ಹೊಗೆ ಸಾರ್ ಎದುರು ಮೇಜಿನ ಮೇಲೆ ಒಂದು ಚೀಲ ಹಾಸಿದರು.

"ಇದು ಯಾವ ಸಿಮೆಂಟು?"

ಅವನು ಚೀಲವನ್ನು ಮಡಿಸಹೋದ. ಇನ್‌ಸ್ಪೆಕ್ಟರ್ ಕೈ ಅಡ್ಡ ಇಟ್ಟರು.

"ಕೆಂಪು ತಾರೀಕು ನಿಮ್ಮ ಸೈಟಿನದು. ಇಂಥವು ಮೂವತ್ತೆಂಟಿವೆ. ಇನ್ನೊಂದು. ನಿಮ್ಮ ಕಂಪ್ಯೂಟರ್‌ನಲ್ಲಿ ದೂರಿನ ಕಡತ ಶುರುವಾಗಿದ್ದು ಭಾನುವಾರ ಬೆಳಿಗ್ಗೆ 11.25ಕ್ಕೆ. ಬೆಂಕಿ ಬಿದ್ದದ್ದು 1.40ಕ್ಕೆ. ಸಾವಿನ ಸಾಲು ಸೇರಿಸಿದ್ದು ನಾಲ್ಕರ ಮೇಲೆ. ಬೆಂಕಿ ಹಚ್ಚೋ ಮುಂಚೆನೇ ಸಿಗರೇಟು ಅವನ ಬಾಯಿಗೆ ಇಟ್ಟಿದ್ರಿ."

ಗಾರೆ ಕುರ್ಚಿ ತಳ್ಳಿ ಎದ್ದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು.

"ಅವನು ಒಳಗಿರಲ್ಲ ಅಂತ... ಭಾನುವಾರ ಒಂದಕ್ಕೆ ಅವನು ಮನೆಗೆ ಹೋಗ್ತಾನೆ ಮೇಡಂ. ಬರೀ ಚೀಲ ಸುಡಬೇಕಿತ್ತು. ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೋತಾನೆ ಅಂದ್ಕೊಂಡೆ."

"ಒಳಗೆ ನೋಡಲಿಲ್ವಾ?"

"ಕಟ್ಟುಗಳು ಸೂರಿನವರೆಗೂ ಇದ್ದವು. ಬಾಗಿಲಲ್ಲೇ ಸೆಂಟ್ರಿಂಗ್ ಹಲಗೆಗೆ ಬಳಿಯೋ ಎಣ್ಣೆ ಸುರಿದು ಹಚ್ಚಿದೆ. ಹೊಗೆ ಬೇಗ ಕಾಣಬಾರದು ಅಂತ ಚಿಲಕ ಹಾಕ್ದೆ."

"ಅವತ್ತು ಅವನು ಊಟಕ್ಕೆ ಯಾಕೆ ಹೋಗಲಿಲ್ಲ?" ಗಾರೆ ಕೇಳಿದ. "ಎಣಿಸೋ ಕೆಲಸ ಅಂತ ಹೆಂಡ್ತಿಗೆ ಹೇಳಿದ್ದ. ಯಾರು ಹೇಳಿದ್ದು?"

ಹೊಗೆ ಸಾರ್‌ಗೆ ಈಗ ಹೊಳೆಯಿತು. ಶನಿವಾರ ಸಂಜೆ, ಮೇಸ್ತ್ರಿಯ ಎದುರಿಗೆ, ಕಾವಲುಗಾರನಿಗೆ, ಯಾರಿಗೂ ಅನುಮಾನ ಬಾರದಿರಲೆಂದು ತಾನೇ ಆಡಿದ್ದ ಮಾತು. ಸೋಮವಾರ ಎಣಿಸೋಕೆ ಬರ್ತಾರೆ ಕಣಪ್ಪಾ, ಒಂದು ಕಟ್ಟೂ ಕಮ್ಮಿಯಾಗಬಾರದು. ನಾಟಕದ ಮಾತು. ಕಾವಲುಗಾರ ಅದನ್ನು ನಿಜವೆಂದು ತಿಳಿದು ಊಟ ಬಿಟ್ಟು, ಕಟ್ಟುಗಳ ಹಿಂದೆ ಕೂತು ಎಣಿಸಿದ್ದ.

"ಒಳಗಿಂದ ಬಡಿಯಲಿಲ್ವಾ ಅವನು?"

"ಸದ್ದು ಕೇಳಿಸ್ತು." ಅವನು ಕೈಗಳನ್ನು ನೋಡಿಕೊಂಡ. "ಬೆಂಕಿಗೆ ತಗಡು ಕಾಯ್ದು ಟಣ್ ಟಣ್ ಅನ್ತಿದೆ ಅಂದ್ಕೊಂಡೆ. ಗೇಟಿನವರೆಗೂ ಕೇಳಿಸ್ತಿತ್ತು."

4.25ಕ್ಕೆ ಬಂಧನ. ಕಂಟ್ರಾಕ್ಟರ್‌ನನ್ನು ಸುಳ್ಳು ಬಿಲ್ಲಿಗಾಗಿ ಎರಡನೇ ಆರೋಪಿ ಮಾಡಿದರು. ನೋಟಿಸು ಮುಟ್ಟುವ ಮೊದಲೇ ಅವನು ನಿರೀಕ್ಷಣಾ ಜಾಮೀನಿನ ಆದೇಶ ಹಿಡಿದು ಬಂದು, ಇನ್‌ಸ್ಪೆಕ್ಟರ್ ಮೇಜಿನ ಮೇಲೆ ನಾಜೂಕಾಗಿ ಇಟ್ಟು ಹೋದ.

ಹೊಗೆ ಸಾರ್ ಮೇಜಿನ ಖಾನೆಯಲ್ಲಿ ಮೂರು ಹಳೆಯ ವರದಿಗಳು ಸಿಕ್ಕವು. ಗಾರೆ ಅರ್ಥವಾದಷ್ಟು ಓದಿದ. ಲಾರಿ ಖಾಲಿಯಾಗಿ ಹಿಂದಿರುಗುವ ಹೊಗೆಯನ್ನೂ ಬಿಡದೆ ಹಿಡಿದ, ಒಂದಂಕಿಯೂ ಸುಳ್ಳಿಲ್ಲದ ವರದಿಗಳು. ಮೂರು ಟೆಂಡರೂ ಕೈತಪ್ಪಿದ್ದವು. ಮೂರನೆಯದರ ಮೇಲೆ ಕಂಟ್ರಾಕ್ಟರ್ ಬರೆದಿದ್ದ: "ನಿನ್ನ ಸತ್ಯಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು." ನಾಲ್ಕನೆಯದರಲ್ಲಿ ಅವನು ಮೊದಲ ಸಲ ಸುಳ್ಳು ಬರೆದ, ಟೆಂಡರ್ ಸಿಕ್ಕಿತು. ಅವತ್ತು ಧಣಿ ತನ್ನ ಹೆಗಲ ಮೇಲೆ ಕೈಹಾಕಿ, ಎಲ್ಲರೆದುರು "ನಮ್ಮ ಹುಡುಗ" ಅಂದ ಎಂದು ಹೇಳಿಕೆಯಲ್ಲಿ ಎರಡು ಸಲ ಹೇಳಿದ್ದ. ಆ ಕೈ ಹೆಗಲಿನಿಂದ ಇಳಿಯಬಾರದು ಅನ್ನುವುದಷ್ಟೇ ಅವನಿಗೆ ಬೇಕಾಗಿದ್ದದ್ದು.

ಬುಧವಾರ ಬೆಳಿಗ್ಗೆ ಗಾರೆ ಕೋರ್ಟಿಗೆ ಸಲ್ಲಿಸಿದ ಹೊಸ ವರದಿಯ ಪ್ರತಿ ಹಿಡಿದು ಗುಡಿಸಲಿಗೆ ಹೋದ. ಓದಿ ಹೇಳಿದ. ಅವಳು ಇನ್ನೊಮ್ಮೆ ಓದಿಸಿಕೊಂಡಳು.

"ಸಿಗರೇಟು ಇಲ್ಲ ಅಲ್ವಾ?"

"ಎಲ್ಲೂ ಇಲ್ಲ ಅಕ್ಕಾ."

ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಗಂಡನ ಅಂಗಿಯ ಜೇಬಿಗೆ ಇಟ್ಟಳು. ಟಾರ್ಪಾಲು ಮುಟ್ಟದ ಮೂಲೆಯಿಂದ ಬಿಸಿಲು ಒಲೆಯ ಮೇಲೆ ಬಿದ್ದಿತ್ತು.

"ಸೂರು ಯಾವಾಗ ಕೊಡ್ತೀರಿ ಸಾರ್?"

"ಕೇಸು ಮುಗಿದ ಮೇಲೆ," ಅಂದ ಗಾರೆ. ಕೇಸುಗಳು ಎಷ್ಟು ವರ್ಷ ನಡೆಯುತ್ತವೆ ಎಂದು ಅವಳು ಕೇಳಲಿಲ್ಲ. ಅವನು ಟೋಪಿ ತೆಗೆದು ಜೀಪಿನೊಳಗೆ ಎಸೆದು, ಎಲ್ಲಾದರೂ ನಾಲ್ಕು ತಗಡು ಸಿಗುತ್ತವೆಯೇ ಎಂದು ನೋಡಲು ಹೊರಟ. ಹತ್ತು ಹೆಜ್ಜೆ ಹೋದವನು ನಿಂತ. ಬಿಸಿಲಿಗೆ ಕಾಯ್ದರೂ ತಗಡು ಟಣ್ ಟಣ್ ಅನ್ನುತ್ತದೆ. ತಗಡು ಬೇಡ, ಬೇರೇನಾದರೂ ಹುಡುಕಬೇಕು ಅನ್ನಿಸಿತು.